ಹಳೆಯ ಬೆಂಜ್‌ನ ಸವೆದ ಕೀಲು

ರಸ್ತೆಯುಬ್ಬನ್ನು ನಿಧಾನವಾಗಿ ಹತ್ತಿ ಇಳಿಯುವಾಗ ಮುಂದಿನ ಎಡಚಕ್ರದ ಕಡೆಯಿಂದ ‘ಟಕ್’ ಎಂದು ಒಂದೇ ಒಂದು ಸದ್ದು. ವೇಗವಾಗಿ ಹೋದರೆ ಅದೂ ಕೇಳಿಸದು. ಮನೆಯ ಗೇಟಿನೊಳಗೆ ತಿರುಗಿಸುವಾಗ ಮಾತ್ರ ತುಕ್ಕು ಹಿಡಿದ ಬಾಗಿಲಿನಂತೆ ಒಂದು ಕಿರುಗುಟ್ಟುವಿಕೆ. ಕಾರು ಹಳೆಯ ಬೆಂಜ್. ಯಜಮಾನರು ಗ್ಯಾರೇಜಿಗೆ ಒಯ್ಯುತ್ತಾರೆ. ಮೆಕ್ಯಾನಿಕ್ ಒಡಲಿನ ಕೆಳಗೆ ಜಾಕ್ ಕೊಟ್ಟು ಕಾರಿನ ಮುಂಭಾಗವನ್ನು ಎತ್ತುತ್ತಾನೆ. ಜೋತುಬಿದ್ದ ಚಕ್ರವನ್ನು ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಬಲವಾಗಿ ಅಲ್ಲಾಡಿಸುತ್ತಾನೆ. ಏನೂ ಅಲುಗುವುದಿಲ್ಲ. “ಬಾಲ್ ಜಾಯಿಂಟ್ ಕಲ್ಲಿದ್ದಂಗಿದೆ ಸಾರ್, ಸದ್ದು ಶಾಕ್ ಅಬ್ಸಾರ್ಬರಿಂದೇ ಇರಬೇಕು” ಎನ್ನುತ್ತಾನೆ.

ಮೆಕ್ಯಾನಿಕ್ ಸುಳ್ಳು ಹೇಳುತ್ತಿಲ್ಲ. ಅವನ ಕೈಗೆ ತಿಳಿದದ್ದೂ ನಿಜವೇ. ಆದರೂ ಆ ಕೀಲು ತನ್ನ ಕೊನೆಯ ದಿನಗಳನ್ನು ಎಣಿಸುತ್ತಿರಬಹುದು. ಅವನು ಕಾರನ್ನು ಎತ್ತಿದ ರೀತಿಯಲ್ಲೇ ಸವೆತ ಅಡಗಿ ಕುಳಿತಿತ್ತು! ಇದು ಹೇಗೆಂದು ತಿಳಿಯಬೇಕಾದರೆ ಕಾರಿನ ತೂಕ ಯಾವ ದಾರಿ ಹಿಡಿದು ನೆಲಕ್ಕೆ ಇಳಿಯುತ್ತದೆ ಎಂಬುದನ್ನು ನೋಡಬೇಕು.

ಬಾಲ್ ಜಾಯಿಂಟ್ ಎಂದರೆ ನಮ್ಮ ಭುಜದ ಕೀಲಿನ ತಮ್ಮ ಎನ್ನಬಹುದು. ತೋಳಿನ ಮೂಳೆಯ ದುಂಡುತಲೆ ಭುಜದ ಗುಳಿಯಲ್ಲಿ ಕುಳಿತು ಹೇಗೆ ಎಲ್ಲ ಕಡೆಗೂ ತಿರುಗುತ್ತದೋ ಹಾಗೆಯೇ ಇಲ್ಲಿ ಉಕ್ಕಿನ ಗುಂಡೊಂದು ಪ್ಲಾಸ್ಟಿಕ್ಕಿನ ಬಟ್ಟಲಿನೊಳಗೆ ಕುಳಿತಿರುತ್ತದೆ. ಆ ಬಟ್ಟಲಿನ ಸುತ್ತ ಉಕ್ಕಿನ ಕವಚ. ಗುಂಡಿಗೆ ಅಂಟಿಕೊಂಡೇ ಬಂದ ಒಂದು ಗೂಟ ಹೊರಗೆ ಚಾಚಿರುತ್ತದೆ. ನಡುವೆ ಗ್ರೀಸ್. ಧೂಳು, ನೀರು ಒಳಗೆ ಬಾರದಂತೆ ರಬ್ಬರಿನ ಟೋಪಿ. ಗ್ಯಾರೇಜಿನ ಭಾಷೆಯಲ್ಲಿ ‘ಬೂಟ್’. ಚಕ್ರ ಮೇಲೆ ಕೆಳಗೆ ಆಡಬೇಕು, ಎಡಕ್ಕೆ ಬಲಕ್ಕೆ ತಿರುಗಲೂ ಬೇಕು. ಈ ಎರಡು ಚಲನೆಗೂ ಅವಕಾಶ ಕೊಡುವುದು ಈ ಒಂದೇ ಗುಂಡು.

ಮೊದಲು ಹೀಗಿರಲಿಲ್ಲ. ಕಿಂಗ್ ಪಿನ್ ಎಂಬ ದಪ್ಪ ಉಕ್ಕಿನ ಕಡ್ಡಿಯ ಸುತ್ತ ಚಕ್ರ ಬಾಗಿಲಿನಂತೆ ತಿರುಗುತ್ತಿತ್ತು. ಅದಕ್ಕೆ ಆಗಾಗ ಗನ್ನಿನಿಂದ ಗ್ರೀಸ್ ಹೊಡೆಯುತ್ತಿರಬೇಕಿತ್ತು. ಅಮೆರಿಕದಲ್ಲಿ 1952ರ ಲಿಂಕನ್ ಕಾರು ಮುಂಚಕ್ರಗಳಿಗೆ ಬಾಲ್ ಜಾಯಿಂಟ್ ಅಳವಡಿಸಿಕೊಂಡು ಹಾದಿ ತೋರಿತು. ಎರಡು ವರ್ಷದ ಬಳಿಕ ಸಾಮಾನ್ಯ ಫೋರ್ಡ್ ಕಾರಿಗೂ ಅದು ಬಂತು. ಇಂದು ರಸ್ತೆಯ ಮೇಲಿನ ಹೆಚ್ಚುಕಡಿಮೆ ಎಲ್ಲ ಕಾರುಗಳಲ್ಲೂ ಅದುಂಟು. ಆಮೇಲೆ ಗ್ರೀಸ್ ಹೊಡೆಯುವ ಮೂತಿಯೂ ಮಾಯವಾಯಿತು. ತಯಾರಕರು ‘ಜೀವನಪರ್ಯಂತ ಗ್ರೀಸ್ ಬೇಡ’ ಎಂದರು. ಕೇಳಲು ಚೆನ್ನಾದ ಮಾತು. ಆದರೆ ಯಾರ ಜೀವನ ಎಂದು ಕೇಳಿಕೊಳ್ಳಬೇಕು. ಅದು ಕೀಲಿನ ಜೀವನ, ಕಾರಿನದಲ್ಲ.

ಈಗ ನಮ್ಮ ಬೆಂಜ್ ಕಡೆಗೆ ಬರೋಣ. ಜರ್ಮನಿಯಲ್ಲಿ 1984ರ ಕೊನೆಗೆ ಹೊರಬಂದ, ಕಂಪನಿಯ ಲೆಕ್ಕದಲ್ಲಿ ‘ಡಬ್ಲ್ಯು 124’ ಎಂಬ ಸಂಕೇತದ ಕಾರು ಇದು. ಭಾರತದಲ್ಲಿ ಮರ್ಸಿಡಿಸ್ ಬೆಂಜ್ ಕಂಪನಿ 1994ರಲ್ಲಿ ಶುರುವಾಗಿ, 1995ರಲ್ಲಿ ಪುಣೆಯಲ್ಲಿ ಮೊದಲು ಜೋಡಿಸಿದ್ದೂ ಇದನ್ನೇ. ಅಂದು ಉದ್ಯಮಿಗಳೂ ಚಿತ್ರನಟರೂ ಕೊಳ್ಳುತ್ತಿದ್ದ ಈ ಕಾರು ಕೈಯಿಂದ ಕೈಗೆ ದಾಟಿ, ಇಂದು ಹಳೆಯ ಕಾರಿನ ಮೋಹವಿರುವ ಮಧ್ಯಮವರ್ಗದವರ ಅಂಗಳದಲ್ಲೂ ಕಾಣಸಿಗುತ್ತದೆ. ಬೆಲೆಯೇನೋ ಇಳಿಯಿತು. ಆದರೆ ತೂಕ ಇಳಿಯಲಿಲ್ಲ. ಖಾಲಿ ಕಾರೇ ಸುಮಾರು 1400 ಕಿಲೊ. ಮುಂದಿನ ಪ್ರತಿ ಚಕ್ರದ ಪಾಲಿಗೆ ಹೆಚ್ಚುಕಡಿಮೆ 350 ಕಿಲೊ.

ಈ 350 ಕಿಲೊ ನೆಲಕ್ಕೆ ಇಳಿಯುವ ದಾರಿಯೇ ಮುಖ್ಯ. ಮಾರುತಿ 800ರಂಥ ಕಾರಿನಲ್ಲಿ ಸ್ಪ್ರಿಂಗ್ ಶಾಕ್ ಅಬ್ಸಾರ್ಬರಿನ ಸುತ್ತಲೇ ಸುತ್ತಿಕೊಂಡಿರುತ್ತದೆ. ಭಾರ ಮೇಲಿನಿಂದ ಆ ಕಂಬದ ಮೂಲಕವೇ ಚಕ್ರಕ್ಕೆ ಇಳಿಯುತ್ತದೆ. ಕೆಳಗಿನ ಬಾಲ್ ಜಾಯಿಂಟಿಗೆ ಚಕ್ರವನ್ನು ಅದರ ಜಾಗದಲ್ಲಿ ಹಿಡಿದಿಡುವ ಕೆಲಸವೇ ಹೊರತು ಕಾರನ್ನು ಹೊರುವ ಕೆಲಸವಿಲ್ಲ. ಬೆಂಜ್ 124ರಲ್ಲಿಯೂ ಅಂಥದೇ ಒಂದು ಕಂಬ ಕಾಣುತ್ತದೆ. ಆದರೆ ಸ್ಪ್ರಿಂಗ್ ಅದರ ಮೇಲಿಲ್ಲ. ಅದು ಪಕ್ಕದಲ್ಲಿ, ಕೆಳಗಿನ ತೋಳಿನ ಮೇಲೆ ಕುಳಿತಿದೆ. ಆ ತೋಳಿಗೆ ಗ್ಯಾರೇಜಿನವರು ‘ಲೋವರ್ ಆರ್ಮ್’ ಎನ್ನುತ್ತಾರೆ. ಅದರ ಒಳತುದಿ ಕಾರಿನ ಒಡಲಿಗೆ, ಹೊರತುದಿ ಬಾಲ್ ಜಾಯಿಂಟಿನ ಮೂಲಕ ನಕಲ್‌ಗೆ ಜೋಡಣೆಯಾಗಿರುತ್ತದೆ. ನಕಲ್ ಎಂದರೆ ಚಕ್ರವನ್ನು ಹಿಡಿದು ತಿರುಗಿಸುವ ಗಟ್ಟಿ ಉಕ್ಕಿನ ತುಂಡು.

ಕಾರಿನ ಭಾರ ಸ್ಪ್ರಿಂಗನ್ನು ಒತ್ತುತ್ತದೆ, ಸ್ಪ್ರಿಂಗ್ ತೋಳನ್ನು ಕೆಳಕ್ಕೆ ತಳ್ಳುತ್ತದೆ. ತೋಳು ನೆಲಕ್ಕೆ ಬೀಳದಂತೆ ಹಿಡಿದುಕೊಂಡಿರುವುದು ಬಾಲ್ ಜಾಯಿಂಟ್. ಕವಚ ತೋಳಿನಲ್ಲಿದೆ, ಗುಂಡಿನ ಗೂಟ ಮೇಲಿನ ನಕಲ್‌ನಲ್ಲಿದೆ. ಅಂದರೆ ಕಾರು ನಿಂತಿದ್ದಾಗಲೂ ಓಡುವಾಗಲೂ ಅದರ ತೂಕವೇ ಗುಂಡನ್ನು ಬಟ್ಟಲಿನಿಂದ ಕಿತ್ತುಹಾಕಲು ಎಳೆಯುತ್ತಿರುತ್ತದೆ.

ನಮ್ಮ ಮನೆಗಳ ತೂಗುಮಣೆಯನ್ನು ನೆನಪು ಮಾಡಿಕೊಳ್ಳಿ. ಮಣೆಯ ಮೇಲೆ ಜನ ಕುಳಿತಾಗ ಸರಪಳಿ ಬಿಗಿಯಾಗಿರುತ್ತದೆ, ಕೊಂಡಿಗಳು ಒಂದಿಷ್ಟೂ ಅಲ್ಲಾಡವು. ಜನ ಎದ್ದ ಮೇಲೆ ಮಣೆಯನ್ನು ಸ್ವಲ್ಪ ಮೇಲೆತ್ತಿದರೆ ಸವೆದ ಕೊಂಡಿ ಗಲಗಲ ಎನ್ನುತ್ತದೆ. ಕೊಂಡಿ ಎಷ್ಟು ಸವೆದಿದೆ ಎಂದು ನೋಡಬೇಕಾದವರು ಮಣೆಯ ಮೇಲೆ ಜನರನ್ನು ಕೂರಿಸಿಕೊಂಡು ನೋಡುತ್ತಾರೆಯೆ?

ಗ್ಯಾರೇಜಿನಲ್ಲಿ ನಡೆದದ್ದು ಹೆಚ್ಚುಕಡಿಮೆ ಅದೇ. ಒಡಲಿನ ಕೆಳಗೆ ಜಾಕ್ ಕೊಟ್ಟಾಗ ಚಕ್ರವೇನೋ ನೆಲ ಬಿಟ್ಟಿತು. ಆದರೆ ಸ್ಪ್ರಿಂಗ್ ಇನ್ನೂ ಒತ್ತಿಕೊಂಡೇ ಇದೆ. ಅದು ತೋಳನ್ನು ಕೆಳಕ್ಕೆ ತಳ್ಳುತ್ತದೆ. ನಕಲ್ ಕೆಳಗಿಳಿಯದಂತೆ ಪೂರ್ತಿ ಚಾಚಿದ ಶಾಕ್ ಅಬ್ಸಾರ್ಬರ್ ಮೇಲಿನಿಂದ ಹಿಡಿದಿದೆ. ಇವೆರಡರ ಎಳೆದಾಟದಲ್ಲಿ ಸಿಕ್ಕ ಬಾಲ್ ಜಾಯಿಂಟ್ ಬಿಗಿಯಾಗಿಯೇ ಉಳಿಯುತ್ತದೆ. ಮಾರುತಿಗಳನ್ನು ನೋಡಿ ಪಳಗಿದ ಕೈಗೆ ಅದು ‘ಕಲ್ಲಿದ್ದಂಗೆ’ ಅನ್ನಿಸುವುದು ಸಹಜ. ಮಾರುತಿಗೆ ಸರಿಯಾದ ಪರೀಕ್ಷೆಯೇ ಇಲ್ಲಿ ಮೋಸ ಮಾಡುತ್ತದೆ.

ಸರಿಯಾದ ಕ್ರಮ ಬೇರೆ. ಜಾಕನ್ನು ಕೆಳಗಿನ ತೋಳಿಗೇ ಕೊಡಬೇಕು. ಅದೂ ಬಾಲ್ ಜಾಯಿಂಟಿಗೆ ಸಾಧ್ಯವಾದಷ್ಟು ಹತ್ತಿರ. ಟೈರು ನೆಲ ಬಿಡುವಷ್ಟು ಮಾತ್ರ ಎತ್ತಬೇಕು. ಈಗ ಸ್ಪ್ರಿಂಗಿನ ಭಾರವೆಲ್ಲ ಜಾಕಿನ ಮೇಲೆ. ಕೀಲಿಗೆ ಬಿಡುವು. ಒಬ್ಬರು ಟೈರಿನ ಕೆಳಗೆ ಹಾರೆ ಕೊಟ್ಟು ಮೆಲ್ಲನೆ ಮೀಟಬೇಕು. ಇನ್ನೊಬ್ಬರು ತೋಳು ಮತ್ತು ನಕಲ್ ನಡುವಿನ ಸಂದನ್ನು ಟಾರ್ಚ್ ಬಿಟ್ಟು ನೋಡುತ್ತಿರಬೇಕು. ಅಲ್ಲಿ ಕಣ್ಣಿಗೆ ಕಾಣುವಂತೆ ಮೇಲೆ ಕೆಳಗೆ ಆಡಿದರೆ ಕೀಲಿನ ಆಯುಸ್ಸು ಮುಗಿದಂತೆ. ಚಕ್ರದ ಬೇರಿಂಗ್ ಸಡಿಲವಾಗಿದ್ದರೂ ಚಕ್ರ ಅಲುಗುವುದುಂಟು. ಅನುಮಾನವಿದ್ದರೆ ಒಬ್ಬರು ಒಳಗೆ ಕುಳಿತು ಬ್ರೇಕ್ ಒತ್ತಿ ಹಿಡಿಯಲಿ. ಆಗ ಅಲುಗಾಟ ನಿಂತರೆ ದೋಷ ಬೇರಿಂಗಿನದು. ನಿಲ್ಲದಿದ್ದರೆ ಕೀಲಿನ ಕಡೆಯದು.

ಇಷ್ಟೊಂದು ಎಚ್ಚರ ಏಕೆ? ಸವೆದ ಬಟ್ಟಲಿನಿಂದ ಗುಂಡು ಒಂದು ದಿನ ಕಳಚಿಕೊಂಡೀತು. ಆ ಕ್ಷಣವೇ ತೋಳು ಕೆಳಕ್ಕೆ ಬೀಳುತ್ತದೆ, ಸ್ಪ್ರಿಂಗ್ ಸಡಿಲವಾಗುತ್ತದೆ, ಚಕ್ರ ಮಡ್‌ಗಾರ್ಡಿನೊಳಗೆ ಮಡಚಿಕೊಳ್ಳುತ್ತದೆ. ಆ ಚಕ್ರ ಸ್ಟಿಯರಿಂಗಿನ ಮಾತು ಕೇಳದು. ಮನೆಯ ಗೇಟಿನ ಮುಂದೆ ಹೀಗಾದರೆ ಮಡ್‌ಗಾರ್ಡಿನ ನಷ್ಟವಷ್ಟೆ. ಹೆದ್ದಾರಿಯಲ್ಲಿ, ಹಿಂದಿನ ಸೀಟಿನಲ್ಲಿ ಮಕ್ಕಳು ಮಲಗಿರುವಾಗ ಆದರೆ?

ಸವೆತ ಶುರುವಾಗುವುದು ಉಕ್ಕಿನಲ್ಲಲ್ಲ, ಆ ಅಗ್ಗದ ರಬ್ಬರಿನ ಬೂಟಿನಲ್ಲಿ. ಅದರಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಸಾಕು. ಮಲೆನಾಡಿನ ಮಳೆಗಾಲದ ಕೆಸರುನೀರು ಒಳಗಿಳಿಯುತ್ತದೆ, ಗ್ರೀಸ್ ತೊಳೆದುಹೋಗುತ್ತದೆ. ಕನ್ನಡಿಯಂತಿದ್ದ ಗುಂಡಿನ ಮೇಲೆ ತುಕ್ಕು ಏಳುತ್ತದೆ. ಒರಟಾದ ಗುಂಡು ಉಪ್ಪುಕಾಗದದಂತೆ ಬಟ್ಟಲನ್ನು ಉಜ್ಜತೊಡಗುತ್ತದೆ. ಗೇಟಿನ ಬಳಿ ಕೇಳಿದ ಕಿರುಗುಟ್ಟುವಿಕೆ ಹೆಚ್ಚಾಗಿ ಇದರದೇ. “ಕಾರು ಹೆಚ್ಚು ಓಡಿಲ್ಲ, ಷೆಡ್ಡಿನಲ್ಲೇ ಇತ್ತು” ಎಂಬ ಸಮಾಧಾನ ಇಲ್ಲಿ ನಡೆಯದು. ಓಡದೆ ನಿಂತರೂ ರಬ್ಬರಿಗೆ ವಯಸ್ಸಾಗುತ್ತದೆ. 25 ವರ್ಷದ ಹಿಂದಿನ ಬೂಟ್ ಹೊರಗಿನಿಂದ ಚೆನ್ನಾಗಿ ಕಂಡರೂ ಬೆರಳಿನಿಂದ ಮಡಚಿದಾಗ ಸೀಳಬಹುದು.

ಇನ್ನು ಬದಲಾಯಿಸುವ ಕೆಲಸ. ಈ ಕಾರಿನಲ್ಲಿ ಕೀಲು ನಟ್ಟು-ಬೋಲ್ಟಿನಿಂದ ಕೂತಿಲ್ಲ. ತೋಳಿನ ತೂತಿನೊಳಗೆ ಭಾರೀ ಒತ್ತಡದಿಂದ ಕೂರಿಸಿದ್ದಾರೆ. ಅದನ್ನು ತೆಗೆಯುವ ಮೊದಲು ಎದುರಾಗುವುದು ಸ್ಪ್ರಿಂಗ್. ಒಂದು ಸಣ್ಣ ಲೆಕ್ಕ ಹಾಕಿ ನೋಡಬಹುದು. ತೋಳು ಒಂದು ಸನ್ನೆಕೋಲು. ಸ್ಪ್ರಿಂಗ್ ಅದರ ಸರಿಮಧ್ಯದಲ್ಲಿದೆ ಎಂದಿಟ್ಟುಕೊಂಡರೆ, ಹೊರತುದಿಯಲ್ಲಿ 350 ಕಿಲೊ ಹೊರಲು ಸ್ಪ್ರಿಂಗ್ ಅದರ ಇಮ್ಮಡಿ, ಅಂದರೆ 700 ಕಿಲೊ ಬಲದಿಂದ ಒತ್ತಬೇಕು. ಅದು 20 ಸೆಂಟಿಮೀಟರ್ ಕುಗ್ಗಿದೆ ಎಂದುಕೊಳ್ಳಿ. ಅದರೊಳಗೆ ಅಡಗಿರುವ ಶಕ್ತಿ ಸುಮಾರು 700 ಜೂಲ್. 50 ಕಿಲೊ ಅಕ್ಕಿಮೂಟೆಯೊಂದು ಎದೆಯೆತ್ತರದಿಂದ ಬಿದ್ದಾಗಿನ ಪೆಟ್ಟಿಗೆ ಇದು ಸಮ. ಮೂಟೆ ಬೀಳುವುದು ಕಣ್ಣಿಗೆ ಕಂಡೀತು. ಸ್ಪ್ರಿಂಗ್ ಹಾರುವುದು ಕಾಣುವುದಿಲ್ಲ.

ಆದ್ದರಿಂದ ಬಲ್ಲವರು ಮೊದಲು ಕಾರನ್ನು ಗಟ್ಟಿ ಸ್ಟ್ಯಾಂಡುಗಳ ಮೇಲೆ ಕೂರಿಸುತ್ತಾರೆ. ಬರಿಯ ಜಾಕನ್ನು ನಂಬಿ ಕೆಳಗೆ ನುಸುಳುವುದಿಲ್ಲ. ಸ್ಪ್ರಿಂಗಿನ ಸುರುಳಿಗಳ ನಡುವೆ ತಟ್ಟೆಗಳನ್ನು ಕೂರಿಸಿ ತಿರುಪಿನಿಂದ ಹತ್ತಿರಕ್ಕೆಳೆಯುವ ಸ್ಪ್ರಿಂಗ್ ಕಂಪ್ರೆಸರ್ ಬಳಸಿ ಅದನ್ನು ಕುಗ್ಗಿಸಿ ಕಟ್ಟುತ್ತಾರೆ. ತೋಳಿನ ಕೆಳಗೂ ಜಾಕ್ ಆನಿಸಿರುತ್ತಾರೆ. ಬ್ರೇಕ್ ಕ್ಯಾಲಿಪರನ್ನು ಬಿಚ್ಚಿ ತಂತಿಯಿಂದ ಮೇಲೆ ಕಟ್ಟುತ್ತಾರೆ. ರಬ್ಬರ್ ಕೊಳವೆಯ ಮೇಲೆ ಅದನ್ನು ನೇತುಬಿಟ್ಟರೆ ಇನ್ನೊಂದು ಅಪಾಯವನ್ನು ಕೈಯಾರೆ ತಂದುಕೊಂಡಂತೆ. ಆಮೇಲೆ ನಕಲ್‌ನಲ್ಲಿ ಗೂಟವನ್ನು ಅಡ್ಡಲಾಗಿ ಬಿಗಿದಿರುವ ಬೋಲ್ಟ್ ತೆಗೆದು ಗೂಟವನ್ನು ಬಿಡಿಸುತ್ತಾರೆ. ಸ್ಪ್ರಿಂಗ್ ಕಟ್ಟದೆ, ಚಕ್ರ ಜೋತುಬಿದ್ದಿರುವಾಗ ಈ ಬೋಲ್ಟಿಗಾಗಲಿ ಶಾಕ್ ಅಬ್ಸಾರ್ಬರಿನ ಬೋಲ್ಟುಗಳಿಗಾಗಲಿ ಪಾನಾ ಹಾಕುವುದು ಪ್ರಾಣದೊಂದಿಗೆ ಆಟ.

ಹಳೆಯ ಕೀಲನ್ನು ಹೊರದೂಡಲು ಕಬ್ಬಿಣದ ದೊಡ್ಡ ‘ಸಿ’ ಆಕಾರದ, ತಿರುಪಿನ ಒತ್ತುಯಂತ್ರವಿದೆ. ಅದಿಲ್ಲದ ಕಡೆ ತೋಳನ್ನೇ ಪೂರ್ತಿ ಬಿಚ್ಚಿ ಹೈಡ್ರಾಲಿಕ್ ಪ್ರೆಸ್ ಇರುವ ವರ್ಕ್‌ಷಾಪಿಗೆ ಒಯ್ಯಬಹುದು. ನಿಧಾನದ ದಾರಿ, ಆದರೆ ಸುರಕ್ಷಿತ. ಹಾಗೆ ಬಿಚ್ಚುವುದಾದರೆ ಒಳತುದಿಯ ಬೋಲ್ಟುಗಳು ಇದ್ದ ಸ್ಥಾನಕ್ಕೆ ಮೊದಲೇ ಗುರುತು ಹಾಕಿಕೊಳ್ಳಬೇಕು. ಅವು ಸಾಮಾನ್ಯ ಬೋಲ್ಟುಗಳಲ್ಲ. ಅವುಗಳನ್ನು ತಿರುಗಿಸಿದರೆ ಚಕ್ರದ ವಾಲಿಕೆಯೇ ಬದಲಾಗುತ್ತದೆ. ಮತ್ತೆ ಬಿಗಿಯುವಾಗ ಕಾರಿನ ಭಾರ ಚಕ್ರಗಳ ಮೇಲಿರಬೇಕು. ಜೋತುಬಿದ್ದ ಸ್ಥಿತಿಯಲ್ಲೇ ಬಿಗಿದರೆ ಒಳಗಿನ ರಬ್ಬರ್ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಸುತ್ತಿಗೆಯ ಕತೆಯನ್ನೂ ಹೇಳಬೇಕು. ಪ್ರೆಸ್ ಇಲ್ಲದ ಕಡೆ ನಾಲ್ಕು ಏಟು ಹಾಕಿ ಹಳೆಯದನ್ನು ಕೆಡವಿ, ಇನ್ನು ನಾಲ್ಕು ಏಟು ಹಾಕಿ ಹೊಸದನ್ನು ಕೂರಿಸುವವರಿದ್ದಾರೆ. ಹಳೆಯದಕ್ಕೆ ಬಿದ್ದ ಏಟಿನಿಂದ ಕೀಲು ಕೂರುವ ತೂತಿನ ದುಂಡು ಕೆಡಬಹುದು. ಹೊಸದಕ್ಕೆ ಬಿದ್ದ ಏಟು ಗುಂಡಿನ ಮೂಲಕ ಪ್ಲಾಸ್ಟಿಕ್ ಬಟ್ಟಲಿಗೆ ತಾಗುತ್ತದೆ. ಪ್ರೆಸ್ಸಿನಲ್ಲೂ ಒತ್ತಬೇಕಾದದ್ದು ಹೊರಕವಚದ ಅಂಚನ್ನು, ಗೂಟವನ್ನಲ್ಲ. ತೂತು ಸಡಿಲವಾಯಿತೆಂದು ಸುತ್ತಲೂ ವೆಲ್ಡಿಂಗ್ ಚುಕ್ಕಿ ಇಡುವುದಂತೂ ಎಲ್ಲಕ್ಕಿಂತ ಕೆಟ್ಟದ್ದು. ಆ ಶಾಖಕ್ಕೆ ಬಟ್ಟಲು ಕರಗದೆ ಇರುತ್ತದೆಯೆ? ತೂತು ಕೆಟ್ಟಿದ್ದರೆ ತೋಳನ್ನೇ ಬದಲಾಯಿಸಬೇಕು, ಬೇರೆ ದಾರಿ ಇಲ್ಲ.

ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಒಂದೇ ಕೀಲಿಗೆ ಹಲವು ದರ ಕೇಳಿಬರುತ್ತದೆ. ಜರ್ಮನಿಯ ಲೆಮ್‌ಫೋರ್ಡರ್‌ನಂಥ ಹೆಸರಾಂತ ತಯಾರಕರ ಮಾಲು ದುಬಾರಿ. ಡಬ್ಬಿ ಅದೇ ಬಣ್ಣದ್ದಾಗಿದ್ದರೂ ಒಳಗಿನದು ಬೇರೆಯಾಗಿರಬಹುದು. ಕೊಳ್ಳುವ ಮೊದಲು ಗೂಟವನ್ನು ಬೆರಳಿನಿಂದ ಆಡಿಸಿ ನೋಡುವುದು ಒಳ್ಳೆಯದು. ಒಳ್ಳೆಯ ಹೊಸ ಕೀಲು ಎಲ್ಲ ಕಡೆಗೂ ಒಂದೇ ಬಿಗಿಯಲ್ಲಿ, ಎಲ್ಲೂ ತೊಡರದೆ ತಿರುಗುತ್ತದೆ. ಹಳೆಯ ಕೀಲನ್ನೇ ಬಿಚ್ಚಿ ಒಳಗೆ ನೈಲಾನ್ ತುಂಬಿಕೊಡುತ್ತೇವೆ ಎನ್ನುವವರೂ ಸಿಗುತ್ತಾರೆ. ಕಾರಿನ ಭಾರ ಹೊರದ ಕೀಲಿನಲ್ಲೂ ಅದು ಒಪ್ಪುವ ಕೆಲಸವಲ್ಲ. ಇಲ್ಲಂತೂ ಹಣ ಉಳಿಸಲು ಹೋಗಬೇಕಾದ ಜಾಗ ಅದಲ್ಲವೇ ಅಲ್ಲ. ಅಡ್ಡ ಬೋಲ್ಟನ್ನೂ ನಟ್ಟನ್ನೂ ಹೊಸದಾಗಿಯೇ ಹಾಕಿ, ಕಾರಿನ ಕೈಪಿಡಿಯಲ್ಲಿ ಹೇಳಿದ ಬಿಗಿಗೆ ಟಾರ್ಕ್ ರೆಂಚಿನಿಂದ ಬಿಗಿಯಬೇಕು. ‘ಕೈ ಅಂದಾಜು’ ಎಷ್ಟೇ ಅನುಭವದ್ದಾದರೂ ಇಲ್ಲಿ ಬೇಡ.

ಎಡಗಡೆಯದು ಸವೆದಿದ್ದರೆ ಬಲಗಡೆಯದೂ ಅದೇ ವಯಸ್ಸಿನದು, ಅದೇ ರಸ್ತೆ ಕಂಡದ್ದು. ಎರಡನ್ನೂ ಒಟ್ಟಿಗೆ ಮಾಡಿಸುವುದೇ ವಾಸಿ. ಕೆಲಸ ಮುಗಿದ ಮೇಲೆ ಚಕ್ರಗಳ ಅಲೈನ್‌ಮೆಂಟ್ ಆಗಬೇಕು. ಇಲ್ಲದಿದ್ದರೆ ಟೈರುಗಳ ಒಂದು ಅಂಚು ಕೆಲವೇ ತಿಂಗಳಲ್ಲಿ ಬೋಳಾದೀತು.

ಬಿಚ್ಚಿದ ಹಳೆಯ ಕೀಲನ್ನು ಮೆಕ್ಯಾನಿಕ್‌ನಿಂದ ಕೇಳಿ ಪಡೆಯಬೇಕು. ಗೂಟ ಹಿಡಿದು ಮೇಲೆ ಕೆಳಗೆ ಎಳೆದರೆ ‘ಟಕ್’ ಎನ್ನುತ್ತದೆ. ರಸ್ತೆಯುಬ್ಬಿನ ಮೇಲೆ ಕೇಳಿದ ಅದೇ ಸದ್ದು. ಕೀಲನ್ನು ನೋಡದೆ, ಜಾಕನ್ನು ಎಲ್ಲಿ ಕೊಟ್ಟರೆಂದು ಕೇಳದೆ, ಅದೇ ಸದ್ದಿಗಾಗಿ ಮೊದಲೇ ಎರಡು ಶಾಕ್ ಅಬ್ಸಾರ್ಬರುಗಳ ಬೆಲೆ ತೆತ್ತವರು ಇಲ್ಲದಿಲ್ಲ.