ಫ್ರೀಡ್ರಿಕ್ ಪೌಲಸ್

ಫ್ರೀಡ್ರಿಕ್ ವಿಲ್‌ಹೆಲ್ಮ್ ಅರ್ನ್‌ಸ್ಟ್ ಪೌಲಸ್ (23 ಸೆಪ್ಟೆಂಬರ್ 1890 – 1 ಫೆಬ್ರವರಿ 1957) ಎರಡನೆಯ ಮಹಾಯುದ್ಧದ ಕಾಲದ ಜರ್ಮನ್ ಭೂಸೇನೆಯ ಹಿರಿಯ ಅಧಿಕಾರಿ. ಸ್ಟಾಲಿನ್‌ಗ್ರಾಡ್ ಕದನದಲ್ಲಿ ಜರ್ಮನಿಯ ಆರನೆಯ ಸೇನೆಯ ದಂಡನಾಯಕನಾಗಿದ್ದ ಈತ, ಫೀಲ್ಡ್ ಮಾರ್ಷಲ್ ಪದವಿಗೆ ಏರಿದ ಮರುದಿನವೇ ಸೋವಿಯತ್ ಪಡೆಗಳ ಕೈಗೆ ಸೆರೆಸಿಕ್ಕಿದನು. ಸುತ್ತುವರಿಯಲ್ಪಟ್ಟ ಸೇನೆಯೊಂದರ ನಾಯಕನು ಮೇಲಿನ ಆಜ್ಞೆಯನ್ನು ಪಾಲಿಸಬೇಕೇ ಅಥವಾ ತನ್ನ ಸೈನಿಕರ ಪ್ರಾಣವನ್ನು ಉಳಿಸಬೇಕೇ ಎಂಬ ಪ್ರಶ್ನೆಗೆ ಸೇನಾ ಇತಿಹಾಸಕಾರರು ಇಂದಿಗೂ ಈತನ ಉದಾಹರಣೆಯನ್ನು ಎತ್ತಿಕೊಳ್ಳುತ್ತಾರೆ.

ಆರಂಭಿಕ ಜೀವನ

ಪೌಲಸ್ ಜರ್ಮನಿಯ ಹೆಸ್ಸೆ ಪ್ರಾಂತದ ಗುಕ್ಸ್‌ಹಾಗನ್ ಎಂಬ ಊರಿನಲ್ಲಿ ಜನಿಸಿದನು. ತಂದೆ ಲೆಕ್ಕಪತ್ರ ವಿಭಾಗದ ಸಾಮಾನ್ಯ ಸರ್ಕಾರಿ ನೌಕರ. ಆ ಕಾಲದ ಅನೇಕ ಜರ್ಮನ್ ಸೇನಾನಿಗಳು ಶ್ರೀಮಂತ ಕುಲೀನ ಮನೆತನಗಳಿಂದ ಬಂದವರಾಗಿದ್ದರು. ಪೌಲಸ್ ಆ ವರ್ಗಕ್ಕೆ ಸೇರಿದವನಲ್ಲ. ಕೆಲವು ಬರಹಗಳಲ್ಲಿ ಈತನ ಹೆಸರಿನ ಜೊತೆ ಕಾಣುವ ‘ಫಾನ್’ ಎಂಬ ಕುಲೀನತಾಸೂಚಕ ಪದ ತಪ್ಪಾಗಿ ಸೇರಿಕೊಂಡದ್ದು.

ನೌಕಾಪಡೆಯನ್ನು ಸೇರುವ ಈತನ ಮೊದಲ ಪ್ರಯತ್ನ ಫಲಿಸಲಿಲ್ಲ. ಮಾರ್‌ಬುರ್ಗ್ ವಿಶ್ವವಿದ್ಯಾಲಯದಲ್ಲಿ ಸ್ವಲ್ಪ ಕಾಲ ಕಾನೂನು ಓದಿ, 1910ರಲ್ಲಿ 111ನೆಯ ಕಾಲಾಳು ರೆಜಿಮೆಂಟಿಗೆ ಅಧಿಕಾರಿ ಅಭ್ಯರ್ಥಿಯಾಗಿ ಸೇರಿಕೊಂಡನು. 1912ರಲ್ಲಿ ರೊಮೇನಿಯದ ಕುಲೀನ ಮನೆತನದ ಎಲೆನಾ ರೊಸೆಟ್ಟಿ-ಸೊಲೆಸ್ಕು ಎಂಬಾಕೆಯನ್ನು ವಿವಾಹವಾದನು.

ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸ್, ರೊಮೇನಿಯ ಮತ್ತು ಸರ್ಬಿಯಗಳಲ್ಲಿ ಸೇವೆ ಸಲ್ಲಿಸಿ, ಯುದ್ಧ ಮುಗಿಯುವ ಹೊತ್ತಿಗೆ ಕ್ಯಾಪ್ಟನ್ ಆಗಿದ್ದನು. ವರ್ಸೈ ಒಪ್ಪಂದವು ಜರ್ಮನ್ ಭೂಸೇನೆಯನ್ನು 1,00,000 ಜನರಿಗೆ ಸೀಮಿತಗೊಳಿಸಿದಾಗ ಬಹುಪಾಲು ಅಧಿಕಾರಿಗಳು ಹುದ್ದೆ ಕಳೆದುಕೊಂಡರು. ಉಳಿಸಿಕೊಳ್ಳಲಾದ ಕೆಲವರಲ್ಲಿ ಪೌಲಸ್ ಒಬ್ಬ. ಸ್ಟುಟ್‌ಗಾರ್ಟ್‌ನ 13ನೆಯ ಕಾಲಾಳು ರೆಜಿಮೆಂಟಿನಲ್ಲಿ ಈತ ಕಂಪನಿಯೊಂದರ ನಾಯಕನಾಗಿದ್ದಾಗ, ಮುಂದೆ ಉತ್ತರ ಆಫ್ರಿಕದಲ್ಲಿ ಪ್ರಸಿದ್ಧನಾದ ಎರ್ವಿನ್ ರೋಮೆಲ್ ಸಹ ಅದೇ ರೆಜಿಮೆಂಟಿನಲ್ಲಿದ್ದನು.

ಸಿಬ್ಬಂದಿ ಅಧಿಕಾರಿಯಾಗಿ

ಪೌಲಸ್‌ನ ವೃತ್ತಿಜೀವನದ ಬಹುಭಾಗ ಕಳೆದದ್ದು ರಣರಂಗದಲ್ಲಿ ಅಲ್ಲ, ನಕ್ಷೆಗಳ ಮುಂದೆ. ಸೈನ್ಯದ ಚಲನೆ, ಆಹಾರ, ಇಂಧನ, ಮದ್ದುಗುಂಡುಗಳ ಲೆಕ್ಕ ಹಾಕಿ ಯೋಜನೆ ರೂಪಿಸುವ ಅಧಿಕಾರಿಗಳನ್ನು ಸಿಬ್ಬಂದಿ ಅಧಿಕಾರಿಗಳೆಂದು ಕರೆಯುತ್ತಾರೆ. ನಿರ್ಧಾರ ಕೈಗೊಳ್ಳುವುದು ದಂಡನಾಯಕನ ಹೊಣೆ. ಅದಕ್ಕೆ ಬೇಕಾದ ವಿವರಗಳನ್ನು ಸಿದ್ಧಪಡಿಸುವುದು ಸಿಬ್ಬಂದಿ ಅಧಿಕಾರಿಯ ಕೆಲಸ. ಈ ಕೆಲಸದಲ್ಲಿ ಪೌಲಸ್ ನಿಷ್ಣಾತನೆನಿಸಿದ್ದನು.

1930ರ ದಶಕದಲ್ಲಿ ಹೊಸದಾಗಿ ರೂಪುಗೊಳ್ಳುತ್ತಿದ್ದ ಯಾಂತ್ರಿಕ ಪಡೆಗಳಲ್ಲಿ ಈತ ಕೆಲಸ ಮಾಡಿದನು. ಟ್ಯಾಂಕ್ ಯುದ್ಧತಂತ್ರದ ಪ್ರವರ್ತಕರಲ್ಲಿ ಒಬ್ಬನಾದ ಹೈನ್ಸ್ ಗುಡೇರಿಯನ್‌ನ ಕೋರ್‌ನಲ್ಲಿ ಸಿಬ್ಬಂದಿ ಮುಖ್ಯಸ್ಥನಾಗಿದ್ದನು. 1939ರಲ್ಲಿ ವಾಲ್ಟರ್ ಫಾನ್ ರೈಖೆನೌ ನಾಯಕತ್ವದ ಹತ್ತನೆಯ ಸೇನೆಯ ಸಿಬ್ಬಂದಿ ಮುಖ್ಯಸ್ಥನಾಗಿ ಪೋಲೆಂಡ್ ದಾಳಿಯಲ್ಲಿ ಭಾಗವಹಿಸಿದನು. ಬಳಿಕ ಇದೇ ಸೇನೆಗೆ ಆರನೆಯ ಸೇನೆ ಎಂದು ಮರುನಾಮಕರಣವಾಯಿತು. 1940ರಲ್ಲಿ ಬೆಲ್ಜಿಯಂ ಮತ್ತು ಫ್ರಾನ್ಸ್‌ಗಳ ಮೇಲಿನ ದಾಳಿಯಲ್ಲೂ ಈತ ಅದೇ ಹುದ್ದೆಯಲ್ಲಿದ್ದನು.

1940ರ ಸೆಪ್ಟೆಂಬರ್‌ನಲ್ಲಿ ಭೂಸೇನೆಯ ಮಹಾಸಿಬ್ಬಂದಿಯ ಮುಖ್ಯಸ್ಥ ಫ್ರಾನ್ಸ್ ಹಾಲ್ಡರ್‌ನ ಸಹಾಯಕನಾಗಿ ನೇಮಕಗೊಂಡನು. ಸೋವಿಯತ್ ಒಕ್ಕೂಟದ ಮೇಲಿನ ‘ಬಾರ್ಬರೋಸ’ ಆಕ್ರಮಣದ ಯೋಜನೆ ರೂಪುಗೊಂಡದ್ದರಲ್ಲಿ ಈತನ ಪಾತ್ರ ದೊಡ್ಡದು. ಆ ಚಳಿಗಾಲದಲ್ಲಿ ನಕ್ಷೆಯ ಮೇಲೆ ನಡೆಸಿದ ಯುದ್ಧಾಭ್ಯಾಸಗಳ ಉಸ್ತುವಾರಿಯನ್ನೂ ಈತನೇ ವಹಿಸಿದ್ದನು. ಅಗಾಧವಾದ ದೂರಗಳು ಮತ್ತು ಪೂರೈಕೆಯ ಕಷ್ಟಗಳು ಆಗಲೇ ಕಾಣಿಸಿಕೊಂಡಿದ್ದವು. ಎರಡು ವರ್ಷಗಳ ನಂತರ ಈತನ ಸೇನೆಯನ್ನು ನಾಶದತ್ತ ದೂಡಿದ್ದು ಇವೇ ಕಷ್ಟಗಳು.

ಆರನೆಯ ಸೇನೆಯ ದಂಡಾಧಿಪತ್ಯ

1942ರ ಜನವರಿಯಲ್ಲಿ ಪೌಲಸ್ ಆರನೆಯ ಸೇನೆಯ ದಂಡನಾಯಕನಾದನು. ಅದಕ್ಕೆ ಮೊದಲು ಡಿವಿಷನ್ ಅನ್ನಾಗಲಿ ಕೋರ್ ಅನ್ನಾಗಲಿ ನೇರವಾಗಿ ಮುನ್ನಡೆಸಿದ ಅನುಭವ ಈತನಿಗೆ ಇರಲಿಲ್ಲ. ಆದರೂ ಮೊದಲ ದೊಡ್ಡ ಪರೀಕ್ಷೆಯಲ್ಲಿ ಯಶಸ್ಸು ಲಭಿಸಿತು. 1942ರ ಮೇ ತಿಂಗಳಲ್ಲಿ ಖಾರ್ಕೋವ್ ಬಳಿ ನಡೆದ ಕದನದಲ್ಲಿ ಜರ್ಮನ್ ಪಡೆಗಳು ಸೋವಿಯತ್ ದಾಳಿಯನ್ನು ಹಿಮ್ಮೆಟ್ಟಿಸಿ, ಎರಡು ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಸೆರೆಹಿಡಿದವು.

ಆ ಬೇಸಿಗೆಯ ಜರ್ಮನ್ ಆಕ್ರಮಣದ ಮುಖ್ಯ ಗುರಿ ಕಾಕಸಸ್ ಪ್ರದೇಶದ ತೈಲ ನಿಕ್ಷೇಪಗಳು. ವೋಲ್ಗಾ ನದಿಯ ದಂಡೆಯ ಕೈಗಾರಿಕಾ ನಗರ ಸ್ಟಾಲಿನ್‌ಗ್ರಾಡ್‌ನತ್ತ (ಇಂದಿನ ವೋಲ್ಗೊಗ್ರಾಡ್) ಆರನೆಯ ಸೇನೆ ಸಾಗಿತು. ಆಗಸ್ಟ್ 23ರಂದು ಜರ್ಮನ್ ವಾಯುಪಡೆ ನಗರದ ಮೇಲೆ ಭಾರೀ ಬಾಂಬ್ ದಾಳಿ ನಡೆಸಿತು. ಅದೇ ದಿನ ಟ್ಯಾಂಕ್ ಪಡೆಗಳು ನಗರದ ಉತ್ತರಕ್ಕೆ ವೋಲ್ಗಾ ತೀರವನ್ನು ಮುಟ್ಟಿದವು. ಆದರೆ ವಾಸಿಲಿ ಚುಯ್‌ಕೋವ್ ನೇತೃತ್ವದ ಸೋವಿಯತ್ 62ನೆಯ ಸೇನೆ ಕಾರ್ಖಾನೆಗಳು, ಮನೆಗಳು ಮತ್ತು ಅವಶೇಷಗಳ ನಡುವೆ ನಿಂತು ಕಾದಾಡಿತು. ಬಯಲಿನಲ್ಲಿ ವೇಗವಾಗಿ ಚಲಿಸಲೆಂದು ರೂಪಿಸಲಾದ ಜರ್ಮನ್ ಪಡೆಗಳ ಅನುಕೂಲ ಬೀದಿಕಾಳಗದಲ್ಲಿ ಉಳಿಯಲಿಲ್ಲ. ನವೆಂಬರ್ ಹೊತ್ತಿಗೆ ನಗರದ ಬಹುಪಾಲು ಜರ್ಮನ್ನರ ವಶವಾಗಿದ್ದರೂ, ನದಿತೀರದ ಕಿರಿದಾದ ಪಟ್ಟಿಗಳು ಮಾತ್ರ ಕೈಗೆಟುಕಲಿಲ್ಲ.

ಸುತ್ತುವರಿಕೆ

1942ರ ನವೆಂಬರ್ 19ರಂದು ಸೋವಿಯತ್ ಸೇನೆ ‘ಯುರೇನಸ್’ ಎಂಬ ಪ್ರತಿದಾಳಿಯನ್ನು ಆರಂಭಿಸಿತು. ದಾಳಿ ನಡೆದದ್ದು ನಗರದೊಳಗಲ್ಲ. ಅದರ ಎರಡೂ ಪಕ್ಕಗಳಲ್ಲಿ ಕಾವಲಿದ್ದ, ಟ್ಯಾಂಕ್ ನಿರೋಧಕ ಆಯುಧಗಳ ಕೊರತೆಯಿದ್ದ ರೊಮೇನಿಯನ್ ಪಡೆಗಳ ಮೇಲೆ. ನವೆಂಬರ್ 23ರಂದು ದಾಳಿಯ ಎರಡೂ ತೋಳುಗಳು ಕಲಾಚ್ ಬಳಿ ಕೂಡಿಕೊಂಡವು. ಎರಡೂವರೆ ಲಕ್ಷಕ್ಕೂ ಹೆಚ್ಚು ಸೈನಿಕರು ಒಳಗೆ ಸಿಕ್ಕಿಬಿದ್ದರು.

ಪೌಲಸ್ ಸ್ವತಂತ್ರವಾಗಿ ನಿರ್ಧರಿಸುವ ಅಧಿಕಾರವನ್ನು ಕೋರಿದನು. ಹಿಟ್ಲರ್ ಅದನ್ನು ನಿರಾಕರಿಸಿ, ಇದ್ದಲ್ಲೇ ನಿಲ್ಲುವಂತೆ ಆಜ್ಞಾಪಿಸಿದನು. ಬೇಕಾದ ಸಾಮಗ್ರಿಯನ್ನು ವಿಮಾನಗಳ ಮೂಲಕ ಒದಗಿಸುವುದಾಗಿ ವಾಯುಪಡೆಯ ಮುಖ್ಯಸ್ಥ ಹರ್ಮನ್ ಗೋರಿಂಗ್ ಭರವಸೆ ನೀಡಿದ್ದನು. ಸೇನೆಗೆ ದಿನಕ್ಕೆ ಕನಿಷ್ಠ 500 ಟನ್ ಸಾಮಗ್ರಿ ಬೇಕಿತ್ತು. ತಲುಪಿದ್ದು ಸರಾಸರಿ ಅದರ ಐದನೆಯ ಒಂದು ಭಾಗದಷ್ಟು. ಅಧೀನ ಸೇನಾಪತಿಗಳಲ್ಲಿ ಒಬ್ಬನಾದ ವಾಲ್ಟರ್ ಫಾನ್ ಸೈಡ್ಲಿಟ್ಸ್-ಕುರ್ಟ್ಸ್‌ಬಾಖ್ ಆಜ್ಞೆಗೆ ಕಾಯದೆ ಮುತ್ತಿಗೆ ಭೇದಿಸಿ ಹೊರನುಗ್ಗಬೇಕೆಂದು ಒತ್ತಾಯಿಸಿದನು. ಪೌಲಸ್ ಒಪ್ಪಲಿಲ್ಲ.

ಡಿಸೆಂಬರ್ 12ರಂದು ಎರಿಕ್ ಫಾನ್ ಮಾನ್‌ಸ್ಟೈನ್‌ನ ಪಡೆಗಳು ಹೊರಗಿನಿಂದ ಬಿಡುಗಡೆಯ ದಾಳಿ ಆರಂಭಿಸಿ, ಮುತ್ತಿಗೆಯಿಂದ ಸುಮಾರು 50 ಕಿಲೋಮೀಟರ್ ದೂರದವರೆಗೆ ಬಂದವು. ಒಳಗಿನ ಟ್ಯಾಂಕ್‌ಗಳಲ್ಲಿ ಇದ್ದ ಇಂಧನ ಅಷ್ಟು ದೂರ ಸಾಗಲು ಸಾಲದಾಗಿತ್ತು. ನಗರವನ್ನು ತೊರೆಯಲು ಹಿಟ್ಲರ್‌ನ ಅನುಮತಿಯೂ ದೊರೆಯಲಿಲ್ಲ. ಕ್ರಿಸ್‌ಮಸ್ ವೇಳೆಗೆ ಆ ದಾಳಿ ನಿಂತುಹೋಯಿತು.

ಶರಣಾಗತಿ

1943ರ ಜನವರಿ 8ರಂದು ಸೋವಿಯತ್ ಸೇನೆ ಶರಣಾಗತಿಯ ಷರತ್ತುಗಳನ್ನು ಕಳುಹಿಸಿತು. ಅವನ್ನು ತಿರಸ್ಕರಿಸಿದ್ದರಿಂದ ಜನವರಿ 10ರಂದು ಅಂತಿಮ ದಾಳಿ ಆರಂಭವಾಯಿತು. ವಿಮಾನ ನಿಲ್ದಾಣಗಳು ಒಂದೊಂದಾಗಿ ಕೈತಪ್ಪಿದವು. ಹಸಿವು, ಚಳಿ, ಟೈಫಸ್ ರೋಗಗಳಿಂದ ಸೈನಿಕರು ಸಾಯತೊಡಗಿದರು. ಪೌಲಸ್ ಜನವರಿ 22ರ ಸುಮಾರಿಗೆ ಶರಣಾಗಲು ಅನುಮತಿ ಬೇಡಿದನು, ಅದೂ ನಿರಾಕೃತವಾಯಿತು.

ಜನವರಿ 30, ನಾಜಿಗಳು ಅಧಿಕಾರಕ್ಕೆ ಬಂದು ಹತ್ತು ವರ್ಷ ತುಂಬಿದ ದಿನ. ಅಂದು ಹಿಟ್ಲರ್ ಪೌಲಸ್‌ನಿಗೆ ಫೀಲ್ಡ್ ಮಾರ್ಷಲ್ ಪದವಿ ನೀಡಿದನು. ಜರ್ಮನಿಯ ಯಾವ ಫೀಲ್ಡ್ ಮಾರ್ಷಲ್‌ನೂ ಜೀವಂತವಾಗಿ ಸೆರೆಸಿಕ್ಕಿಲ್ಲ ಎಂಬ ನಂಬಿಕೆ ಇದ್ದುದರಿಂದ, ಈ ಬಡ್ತಿ ಆತ್ಮಹತ್ಯೆಯ ಸೂಚನೆಯಾಗಿತ್ತೆಂದು ಇತಿಹಾಸಕಾರರು ಅರ್ಥೈಸುತ್ತಾರೆ. ಪೌಲಸ್ ಆ ದಾರಿ ಹಿಡಿಯಲಿಲ್ಲ. ಜನವರಿ 31ರಂದು ನಗರದ ಉನಿವೆರ್ಮಾಗ್ ಮಳಿಗೆಯ ನೆಲಮಾಳಿಗೆಯಲ್ಲಿ ಸೆರೆಯಾದನು. ನಗರದ ಉತ್ತರ ಭಾಗದಲ್ಲಿ ಉಳಿದಿದ್ದ ಪಡೆಗಳು ಫೆಬ್ರವರಿ 2ರಂದು ಶಸ್ತ್ರ ಕೆಳಗಿಟ್ಟವು. ಸೆರೆಯಾದ ಸುಮಾರು 91,000 ಮಂದಿಯಲ್ಲಿ ಮುಂದೆ ಸ್ವದೇಶಕ್ಕೆ ಮರಳಿದವರು ಕೇವಲ 5,000ದಿಂದ 6,000 ಮಂದಿ.

ಸೆರೆವಾಸ ಮತ್ತು ನಂತರದ ಜೀವನ

ಸೆರೆಯ ಆರಂಭದಲ್ಲಿ ಪೌಲಸ್ ಸೋವಿಯತ್ ಪ್ರಚಾರಕ್ಕೆ ಸಹಕರಿಸಲಿಲ್ಲ. 1944ರ ಜುಲೈ 20ರಂದು ಹಿಟ್ಲರ್‌ನ ಹತ್ಯೆಗೆ ನಡೆದ ಪ್ರಯತ್ನ ವಿಫಲವಾಗಿ, ಪರಿಚಿತ ಅಧಿಕಾರಿಗಳು ಗಲ್ಲಿಗೇರಿದ ಬಳಿಕ ಈತನ ನಿಲುವು ಬದಲಾಯಿತು. ಅದೇ ಆಗಸ್ಟ್‌ನಲ್ಲಿ ಹಿಟ್ಲರ್ ವಿರುದ್ಧ ಬಹಿರಂಗ ಕರೆ ನೀಡಿದನು. ಜರ್ಮನಿಯಲ್ಲಿದ್ದ ಈತನ ಕುಟುಂಬದವರು ಇದರ ಫಲವಾಗಿ ಬಂಧನ ಅನುಭವಿಸಿದರು. ಮಗ ಫ್ರೀಡ್ರಿಕ್ ಅದೇ ವರ್ಷದ ಆರಂಭದಲ್ಲಿ ಇಟಲಿಯ ಆಂಜಿಯೊ ಕದನದಲ್ಲಿ ಮಡಿದಿದ್ದನು.

1946ರ ಫೆಬ್ರವರಿ 11ರಂದು ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಸೋವಿಯತ್ ಪಕ್ಷದ ಸಾಕ್ಷಿಯಾಗಿ ಹಾಜರಾಗಿ, ಸೋವಿಯತ್ ಒಕ್ಕೂಟದ ಮೇಲಿನ ದಾಳಿ ಮುಂಚಿತವಾಗಿ ಯೋಜಿಸಿದ ಆಕ್ರಮಣವೇ ಎಂದು ಹೇಳಿಕೆ ನೀಡಿದನು. 1953ರಲ್ಲಿ ಬಿಡುಗಡೆಯಾಗಿ ಪೂರ್ವ ಜರ್ಮನಿಯ ಡ್ರೆಸ್ಡನ್‌ನಲ್ಲಿ ನೆಲೆಸಿದನು. 1942ರ ನಂತರ ಪತ್ನಿಯನ್ನು ಮತ್ತೆ ಕಾಣಲಾಗಲಿಲ್ಲ. ಆಕೆ 1949ರಲ್ಲಿ ತೀರಿಕೊಂಡಿದ್ದಳು. ನರ-ಸ್ನಾಯುಗಳನ್ನು ಕ್ಷೀಣಿಸುವ ಕಾಯಿಲೆಯಿಂದ ಪೌಲಸ್ 1957ರ ಫೆಬ್ರವರಿ 1ರಂದು ಮೃತನಾದನು. ಬಾಡನ್-ಬಾಡನ್‌ನಲ್ಲಿ ಪತ್ನಿಯ ಸಮಾಧಿಯ ಪಕ್ಕದಲ್ಲಿ ಈತನ ಅವಶೇಷಗಳನ್ನು ಹೂಳಲಾಯಿತು.

ಪದೋನ್ನತಿಗಳು

- 1911 – ಲೆಫ್ಟಿನೆಂಟ್
- 1918 – ಕ್ಯಾಪ್ಟನ್
- 1929 – ಮೇಜರ್
- 1933 – ಲೆಫ್ಟಿನೆಂಟ್ ಕರ್ನಲ್
- 1935 – ಕರ್ನಲ್
- 1939 – ಮೇಜರ್ ಜನರಲ್
- 1940 – ಲೆಫ್ಟಿನೆಂಟ್ ಜನರಲ್
- ಜನವರಿ 1942 – ಟ್ಯಾಂಕ್ ಪಡೆಗಳ ಜನರಲ್
- ನವೆಂಬರ್ 1942 – ಕರ್ನಲ್ ಜನರಲ್
- 30 ಜನವರಿ 1943 – ಫೀಲ್ಡ್ ಮಾರ್ಷಲ್

ಮೌಲ್ಯಮಾಪನ

ಪೌಲಸ್‌ನ ಬಗೆಗಿನ ಅಭಿಪ್ರಾಯಗಳು ಭಿನ್ನವಾಗಿವೆ. ಸ್ವತಂತ್ರ ನಿರ್ಧಾರದ ಧೈರ್ಯವಿಲ್ಲದೆ ಅಸಾಧ್ಯವಾದ ಆಜ್ಞೆಗಳನ್ನು ಪಾಲಿಸಿ ಒಂದು ಸೇನೆಯನ್ನೇ ಬಲಿಕೊಟ್ಟವನೆಂದು ಕೆಲವರು ದೂಷಿಸುತ್ತಾರೆ. ಇಂಧನವಿಲ್ಲದ ಸೇನೆ ಹಿಮದ ಬಯಲಿನಲ್ಲಿ ಹೊರನುಗ್ಗಿದ್ದರೂ ನಾಶವಾಗುತ್ತಿತ್ತು, ಅದು ಹಿಡಿದು ನಿಂತದ್ದರಿಂದಲೇ ಕಾಕಸಸ್‌ನಲ್ಲಿದ್ದ ಜರ್ಮನ್ ಪಡೆಗಳು ಪಾರಾಗಲು ಕಾಲಾವಕಾಶ ಸಿಕ್ಕಿತು ಎಂಬುದು ಮತ್ತೆ ಕೆಲವರ ವಾದ. ಆದರೆ ಜನವರಿ ತಿಂಗಳ ಕೊನೆಯ ವಾರಗಳಿಗೆ ಈ ವಾದ ಸುಲಭವಾಗಿ ಅನ್ವಯಿಸುವುದಿಲ್ಲ. ಶರಣಾಗತಿ ತಡವಾದ ಒಂದೊಂದು ದಿನವೂ ಆಹಾರ, ಔಷಧಿಗಳಿಲ್ಲದ ಸೈನಿಕರ ಸಾವನ್ನು ಹೆಚ್ಚಿಸಿತು. ಆಕ್ರಮಣದ ಯೋಜನೆಯಲ್ಲಿ ಈತ ವಹಿಸಿದ ಪಾತ್ರವನ್ನು ಮರೆತು, ಈತನನ್ನು ಕೇವಲ ಪರಿಸ್ಥಿತಿಯ ಬಲಿಪಶುವೆಂದು ನೋಡುವುದೂ ಸರಿಯಲ್ಲವೆಂದು ವಿಮರ್ಶಕರು ಎಚ್ಚರಿಸುತ್ತಾರೆ.