ಪ್ಯಾರಿಸ್ಸಿನ ಬೆಡಗಿಯರಿಗೆ ಬಣ್ಣ ತುಂಬಿದವರು

ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ಸಿನ ಫ್ಯಾಷನ್ ಚಿತ್ರಪಟಗಳನ್ನು ನೋಡಿ. ಅವುಗಳಲ್ಲಿನ ಲಲನೆಯರಿಗೆ ಕೆಲಸವೆಂಬುದೇ ಇಲ್ಲ. ನಡುವೋ, ನಮ್ಮ ಹಳಗನ್ನಡ ಕವಿಗಳ ಬಡನಡುವನ್ನೂ ನಾಚಿಸುವಂಥದು. ಒಬ್ಬಳು ಬೀಸಣಿಗೆ ಹಿಡಿದು ನಿಂತಿದ್ದರೆ ಇನ್ನೊಬ್ಬಳು ನಮಗೆ ಬೆನ್ನುಮಾಡಿದ್ದಾಳೆ. ಇದು ನಾಚಿಕೆಯಲ್ಲ, ವ್ಯವಹಾರ. ಪಟ ನೋಡಿ ಹೊಲಿಯುವ ದರ್ಜಿಗೆ ಉಡುಪಿನ ಹಿಂಭಾಗವೂ ಕಾಣಬೇಕಷ್ಟೆ! ಬಟ್ಟೆ ಯಾವ ಅಂಗಡಿಯದು, ಹೊಲಿದವರಾರು ಎಂಬುದನ್ನೂ ಎಷ್ಟೋ ಪಟಗಳ ಅಡಿಯಲ್ಲಿ ಅಚ್ಚುಹಾಕುತ್ತಿದ್ದರು.

ಇವುಗಳನ್ನು ಮನೆಮನೆಗೆ ಮುಟ್ಟಿಸಿದ ಪತ್ರಿಕೆಗಳಲ್ಲಿ 1797ರಿಂದ 1839ರವರೆಗೆ ನಡೆದ ‘ಜೂರ್ನಾಲ್ ದೆ ದಾಮ್ ಎ ದೆ ಮೋದ್’ ಪ್ರಸಿದ್ಧವಾದುದು. ಅದನ್ನು ಬಹುಕಾಲ ನಡೆಸಿದ ಲಾ ಮೆಸಾಂಜೇರ್ ಹಿಂದೆ ಪಾದ್ರಿಯಾಗಿದ್ದವನು, ತತ್ತ್ವಶಾಸ್ತ್ರದ ಅಧ್ಯಾಪಕ! ತತ್ತ್ವಶಾಸ್ತ್ರ ಬೋಧಿಸುವ ಮಿತ್ರರು ಮುನಿಯಬಾರದು.

ಆ ಕಾಲದಲ್ಲಿ ತಾಮ್ರದ, ಅನಂತರ ಉಕ್ಕಿನ ಫಲಕದಲ್ಲಿ ಕೊರೆದ ಗೆರೆಗಳು ಮಾತ್ರ ಯಂತ್ರದಲ್ಲಿ ಅಚ್ಚಾಗುತ್ತಿದ್ದವು. ಬಣ್ಣವನ್ನು ಪ್ರತಿಯೊಂದು ಪಟಕ್ಕೂ ಕುಂಚದಿಂದಲೇ ತುಂಬಬೇಕು. ಅಮೆರಿಕದ ಫಿಲಡೆಲ್ಫಿಯದಲ್ಲಿ 1830ರಲ್ಲಿ ಆರಂಭವಾದ ಗೋಡಿಯ ಮಹಿಳಾ ಮಾಸಪತ್ರಿಕೆಗೆ ಈ ಕೆಲಸ ಮಾಡುತ್ತಿದ್ದವರು ಸುಮಾರು 150 ಮಂದಿ ಹೆಂಗಸರು. 1860ರ ವೇಳೆಗೆ ಪತ್ರಿಕೆಯ ಪ್ರಸಾರ 1,50,000ಕ್ಕೆ ಏರಿತ್ತೆಂದ ಮೇಲೆ ಅವರ ಕೈಗಳಿಗೆ ಬಿಡುವೆಲ್ಲಿಯದು? ಒಂದೇ ಸಂಚಿಕೆಯ ಎರಡು ಪ್ರತಿಗಳಲ್ಲಿ ಒಂದೇ ಉಡುಪು ಬೇರೆ ಬೇರೆ ಬಣ್ಣ ತಳೆಯುವುದೂ ಉಂಟು. ಗೋಡಿ ಇದಕ್ಕೆ ಕೊಟ್ಟ ಸಮಾಧಾನ ಸೊಗಸಾಗಿದೆ: ಒಂದೇ ಊರಿನ ಗೆಳತಿಯರು ಪ್ರತಿಗಳನ್ನು ಹೋಲಿಸಿನೋಡಿ, ತಂತಮ್ಮ ಮೈಬಣ್ಣಕ್ಕೆ ಒಪ್ಪುವುದನ್ನು ಆರಿಸಿಕೊಳ್ಳಲೆಂದೇ ಹಾಗೆ ಮಾಡಿಸಿದ್ದಂತೆ! ವ್ಯಾಪಾರಿಯ ಬಾಯಿಗೆ ಎದುರುಂಟೆ?

ಬಣ್ಣ ತುಂಬಿದವರ ಹೆಸರು ಪಟದಲ್ಲಿಲ್ಲ. ಚಿತ್ರ ಬರೆದವರದಾದರೂ ಅಲ್ಲಲ್ಲಿ ಉಳಿದಿದೆ. ಅವರಲ್ಲಿ ಪ್ಯಾರಿಸ್ಸಿನ ಮೂವರು ಸೋದರಿಯರು ಸ್ಮರಣೀಯರು. ಚಿತ್ರಕಾರ ಅಲೆಕ್ಸಾಂದ್ರ್ ಕೊಲಾನನ ಮಕ್ಕಳಾದ ಎಲೊಯೀಸ್, ಅನಾಯಿಸ್, ಲೋರ್. ಅನಾಯಿಸಳ ಗಂಡ, ವಾಸ್ತುಶಿಲ್ಪಿ ತೂದೂಜ್, 1854ರಲ್ಲಿ ತೀರಿಕೊಂಡ. ಚಿಕ್ಕ ಮಕ್ಕಳಿದ್ದ ಮನೆಯನ್ನು ಆಕೆ ಈ ಚಿತ್ರಗಳನ್ನು ಬರೆದೇ ಸಾಗಿಸಿದಳು. ರೇಷ್ಮೆಯ ನಿರಿಗೆ ನಿರಿಗೆಯನ್ನೂ ಬಿಡದೆ ತೋರಿಸುವ ಆ ಗೆರೆ ಅನ್ನದ ಗೆರೆ. ಮಗಳು ಇಸಬೆಲ್ ತಾಯಿಯ ವೃತ್ತಿಯನ್ನೇ ಹಿಡಿದಳು. ಮಗ ಎಡ್ವರ್ಡ್ ಹೆಸರಾಂತ ಚಿತ್ರಕಾರನಾದ.

ಪಂಡಿತರು ಈ ಪಟಗಳನ್ನು ಕಲೆಯೆಂದು ಎಣಿಸಲಿಲ್ಲ. ಆದರೆ ಅನಾಯಿಸ್ ಚಿತ್ರ ಬರೆಯುತ್ತಿದ್ದ ‘ಲಾ ಮೋದ್ ಇಲ್ಲುಸ್ತ್ರೇ’ ಪತ್ರಿಕೆಯ ಪಟಗಳನ್ನು ಎದುರಿಗಿಟ್ಟುಕೊಂಡು 1871ರ ಸುಮಾರಿನಲ್ಲಿ ವರ್ಣಚಿತ್ರ ಬರೆದವನು ಸಾಕ್ಷಾತ್ ಪಾಲ್ ಸೆಜಾನ್! ನಿಲುವು, ಭಂಗಿಗಳನ್ನು ಹಾಗೆಯೇ ಎತ್ತಿಕೊಂಡು, ಜಾಲರಿಯ ಕುಸುರಿಯನ್ನು ಮಾತ್ರ ದಪ್ಪ ಕುಂಚದಲ್ಲಿ ಅಳಿಸಿಬಿಟ್ಟ.

ಇಂದು ಈ ಪಟಗಳನ್ನು ಪತ್ರಿಕೆಯಿಂದ ಹರಿದು, ಬಿಡಿಬಿಡಿಯಾಗಿ ಚೌಕಟ್ಟು ಹಾಕಿ ಮಾರುತ್ತಾರೆ. ಚೌಕಟ್ಟಿಗೆ ಹೊಂದಲೆಂದು ಎಷ್ಟೋ ಸಲ ಅಂಚನ್ನೇ ಕತ್ತರಿಸುತ್ತಾರೆ. ಪತ್ರಿಕೆಯ ಹೆಸರು, ಕೆಲವೊಮ್ಮೆ ಚಿತ್ರ ಬರೆದವಳ ಹೆಸರೂ ಅದರೊಡನೆ ಕಸದ ಬುಟ್ಟಿ ಸೇರುತ್ತದೆ. ಅಂಥದೊಂದು ಪಟ ವಾಚಕರ ಕೈಗೆ ಬಂದರೆ ಸುಂದರಿಯ ಮೊಗವನ್ನು ಆಮೇಲೆ ನೋಡಬಹುದು. ಮೊದಲು ಕೆಳಗಿನ ಮೂಲೆಯನ್ನು ನೋಡಿ. ಅಕ್ಷರ ಬಹಳ ಸಣ್ಣದು, ಭೂತಗನ್ನಡಿ ಬೇಕಾದೀತು.