ಒಂದೇ ಸಿಂಫೊನಿಗೆ ಎರಡೆರಡು ತಟ್ಟೆ ಏಕೆ?

“ಅವರು ಎಲ್ಲಾನೂ ಬರದಿಟ್ಟಾರ ಅಂತೀರಿ. ಬರದಿಟ್ಟಿದ್ದನ್ನ ಯಾರು ಬಾರಿಸಿದ್ರೂ ಒಂದ ಅಲ್ಲೇನ್ರೀ? ಮತ್ತ ಎರಡೆರಡು ರೆಕಾರ್ಡು ಯಾಕ ಬೇಕು?”

ನಮ್ಮ ಕಟ್ಟಡದ ಮೂರನೆಯ ಮಾಳಿಗೆಯಲ್ಲಿರುವ ಧಾರವಾಡದ ರಾಯರು ನನ್ನನ್ನು ಕಂಡಾಗಲೆಲ್ಲ ಕೇಳುವ ಪ್ರಶ್ನೆ ಇದು. ರಾಯರು ಮಲ್ಲಿಕಾರ್ಜುನ ಮನ್ಸೂರರ ಪರಮ ಭಕ್ತರು. ಪ್ರಶ್ನೆಯಲ್ಲಿ ಸ್ವಲ್ಪ ಕುಚೋದ್ಯವಿದ್ದರೂ ಅದು ಹುರುಳಿಲ್ಲದ ಪ್ರಶ್ನೆಯಲ್ಲ. ಖಾರಘರದ ಕನ್ನಡ ಮನೆಗಳಲ್ಲಿ ಹಿಂದುಸ್ತಾನಿ ಕೇಳುವವರಿದ್ದಾರೆ, ಕರ್ನಾಟಕ ಸಂಗೀತ ಕೇಳುವವರಿದ್ದಾರೆ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವೆಂದರೆ ಮಾತ್ರ ‘ಅದು ನಮ್ಮದಲ್ಲ’ ಎಂಬ ಭಾವನೆ. ನಾನೂ ಸಂಗೀತ ಕಲಿತವನಲ್ಲ. ಬಿ. ಎ.ಯಲ್ಲಿ ಓದಿದ್ದು ಇತಿಹಾಸ, ಹೊಟ್ಟೆಪಾಡಿಗೆ ಮಾಡುವುದು ಸರಕಾರಿ ಗುಮಾಸ್ತಿಕೆ. ಹತ್ತು ವರ್ಷಗಳಿಂದ ಕಿವಿಗೊಟ್ಟು ಕೇಳಿದ್ದಷ್ಟೇ ನನ್ನ ಯೋಗ್ಯತೆ. ಆ ಕೇಳ್ಮೆಯ ಬಲದ ಮೇಲೆ ರಾಯರಿಗೆ ಉತ್ತರ ಹೇಳಲು ಹೊರಟಿದ್ದೇನೆ. ಉತ್ತರ ಹುಡುಕುತ್ತ ಹೋದಾಗ ದಾರಿ ನಮ್ಮ ಮೈಸೂರಿಗೇ ಬಂದು ಮುಟ್ಟಿತೆಂಬುದು ಇಲ್ಲಿಯ ವಿಶೇಷ.

ಸಿಂಫೊನಿಯೆಂದರೆ ದೊಡ್ಡ ವಾದ್ಯವೃಂದಕ್ಕಾಗಿ ಬರೆದ ಕೃತಿ. ಸಾಮಾನ್ಯವಾಗಿ ನಾಲ್ಕು ಭಾಗಗಳು, ಒಟ್ಟು ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ. ಪಿಟೀಲುಗಾರರಿಂದ ಹಿಡಿದು ನಗಾರಿಯವನವರೆಗೆ ಎಂಬತ್ತು ತೊಂಬತ್ತು ಮಂದಿ ಕೂತಿರುತ್ತಾರೆ. ಪ್ರತಿಯೊಬ್ಬನ ಎದುರಿಗೂ ಅವನ ಪಾಲಿನ ಸ್ವರಗಳ ಹಾಳೆ. ಇವರೆಲ್ಲರ ಮುಂದೆ ಸಣ್ಣ ಕೋಲು ಹಿಡಿದು ನಿಲ್ಲುವವನು ಕಂಡಕ್ಟರ್. ಬಸ್ಸಿನ ಕಂಡಕ್ಟರಿಗೂ ಇವನಿಗೂ ಒಂದು ಸಾಮ್ಯವಿದೆ: ಗಾಡಿ ಓಡಿಸುವುದು ಇಬ್ಬರೂ ಅಲ್ಲ, ಆದರೆ ಎಲ್ಲಿ ನಿಲ್ಲಬೇಕು, ಯಾವಾಗ ಹೊರಡಬೇಕು ಎಂಬುದು ಇಬ್ಬರ ಕೈಯಲ್ಲೇ ಇದೆ.

ಬೀಥೋವನ್ನನ ಐದನೆಯ ಸಿಂಫೊನಿಯನ್ನೇ ತೆಗೆದುಕೊಳ್ಳಿ. ೧೮೦೮ರ ಡಿಸೆಂಬರಿನಲ್ಲಿ ವಿಯೆನ್ನಾದಲ್ಲಿ ಅದರ ಮೊದಲ ಕಚೇರಿಯಾಯಿತು. ಆರಂಭದ ನಾಲ್ಕು ಸ್ವರಗಳನ್ನು—ಮೂರು ಹ್ರಸ್ವ, ಒಂದು ದೀರ್ಘ—ಕೇಳದವರೇ ಇಲ್ಲವೆನ್ನಬೇಕು. ಸಿನಿಮಾದಲ್ಲಿ, ಜಾಹೀರಾತಿನಲ್ಲಿ ಎಲ್ಲೋ ಒಂದು ಕಡೆ ಕಿವಿಗೆ ಬಿದ್ದಿರುತ್ತದೆ. ಆ ನಾಲ್ಕನೆಯ ಸ್ವರದ ಮೇಲೆ ಬೀಥೋವನ್ ‘ಇಲ್ಲಿ ತಡೆ’ ಎಂಬ ಅರ್ಥದ ಒಂದು ಗುರುತನ್ನು ಹಾಕಿದ್ದಾನೆ. ಎಷ್ಟು ಹೊತ್ತು ತಡೆಯಬೇಕು? ಬರೆದಿಲ್ಲ! ರಾಯರ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು. ಇನ್ನು ವೇಗದ ಮಾತು. ೧೮೧೭ರಲ್ಲಿ ಬೀಥೋವನ್ ತನ್ನ ಸಿಂಫೊನಿಗಳಿಗೆ ಮೆಟ್ರೊನೋಮ್ ಎಂಬ ತಾಳಯಂತ್ರದ ಲೆಕ್ಕದಲ್ಲಿ ವೇಗಗಳನ್ನು ಪ್ರಕಟಿಸಿದ. ಈ ಮೊದಲ ಭಾಗಕ್ಕೆ ನಿಮಿಷಕ್ಕೆ ೧೦೮ ಪೆಟ್ಟು. (ನಮ್ಮ ಅಷ್ಟೋತ್ತರದ ಸಂಖ್ಯೆಯೇ!) ಆದರೆ ದೊಡ್ಡ ದೊಡ್ಡ ಕಂಡಕ್ಟರರು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಈ ಸಿಂಫೊನಿಯ ಹಳೆಯ ಮುದ್ರಿಕೆಗಳಲ್ಲಿ ಹೆಸರಾದದ್ದು ೧೯೧೩ರಲ್ಲಿ ಆರ್ಥರ್ ನಿಕಿಷ್ ಬರ್ಲಿನ್ನಿನಲ್ಲಿ ಮಾಡಿದ್ದು. ಮೈಕ್ ಇಲ್ಲದ ಕಾಲ. ವಾದಕರು ಕೊಳವೆಯ ಮುಂದೆ ಒತ್ತಿ ಕುಳಿತು ನುಡಿಸಬೇಕಿತ್ತು. ಇಡೀ ಕೃತಿ ನಾಲ್ಕು ತಟ್ಟೆಗಳ ಎಂಟು ಮುಖಗಳಿಗೆ ಹಂಚಿಹೋಗಿತ್ತು. ಇತಿಹಾಸದ ಕುತೂಹಲಕ್ಕೆ ಅದನ್ನು ಒಮ್ಮೆ ಕೇಳಬಹುದು. ಹೋಲಿಕೆಗೆ ನಾನು ಸೂಚಿಸುವುದು ಬೇರೆ ಎರಡನ್ನು. ಕಾರ್ಲೋಸ್ ಕ್ಲೈಬರ್ ೧೯೭೪ರಲ್ಲಿ ವಿಯೆನ್ನಾ ಫಿಲ್‌ಹಾರ್ಮೊನಿಕ್ ವೃಂದದೊಡನೆ ಮಾಡಿದ ಮುದ್ರಿಕೆಯಲ್ಲಿ ಮೊದಲ ಭಾಗ ಏಳೂವರೆ ನಿಮಿಷದೊಳಗೆ ಮುಗಿಯುತ್ತದೆ. ಆಟೋ ಕ್ಲೆಂಪರರ್ ೧೯೫೯ರಲ್ಲಿ ಲಂಡನ್ನಿನ ಫಿಲ್‌ಹಾರ್ಮೊನಿಯಾ ವೃಂದದೊಡನೆ ಮಾಡಿದ್ದರಲ್ಲಿ ಅದೇ ಭಾಗಕ್ಕೆ ಸುಮಾರು ಒಂಬತ್ತು ನಿಮಿಷ. ಸ್ವರಗಳು ಅವೇ, ವಾದ್ಯಗಳು ಅವೇ. ಕ್ಲೈಬರನದು ಬೆನ್ನಟ್ಟಿ ಬರುವ ಮಳೆ, ಓಡಿದರೂ ತಪ್ಪಿಸಿಕೊಳ್ಳಲಾಗದು. ಕ್ಲೆಂಪರರನದು ಕಲ್ಲಿನ ಮೇಲೆ ಕಲ್ಲಿಟ್ಟು ಗೋಡೆ ಕಟ್ಟುವ ಕೆಲಸ. ನಿಧಾನವೆನಿಸುತ್ತದೆ, ಆದರೆ ಅಲ್ಲಿ ಕೊಳಲು, ಓಬೋ, ಕೊಂಬು ಒಂದೊಂದರ ಮಾತೂ ಬಿಡಿಬಿಡಿಯಾಗಿ ಕೇಳುತ್ತದೆ. ನನ್ನ ಮತ ಕ್ಲೈಬರನಿಗೆ. ಆದರೂ ಆಫೀಸಿನಲ್ಲಿ ತಲೆ ಕೆಟ್ಟ ದಿನ ನಾನು ಹಾಕಿಕೊಳ್ಳುವುದು ಕ್ಲೆಂಪರರನನ್ನು.

ರಾಯರೇ ಯೋಚಿಸಲಿ. ಭೀಮಸೇನ ಜೋಶಿಯವರ ಯಮನ್ ಕೇಳಿದ ಮೇಲೆ ಮನ್ಸೂರರ ಯಮನ್ ಬೇಡವೆಂದು ಯಾರಾದರೂ ಹೇಳುತ್ತಾರೆಯೇ? ನಮ್ಮಲ್ಲಿ ಗಾಯಕನಿಗೆ ಬಯಲೇ ಸಿಕ್ಕಿದೆ. ಅಲ್ಲಿ ಕಂಡಕ್ಟರನಿಗೆ ಸಿಕ್ಕುವುದು ಓಣಿ. ಓಣಿಯಲ್ಲಿಯೂ ಒಬ್ಬೊಬ್ಬರ ನಡಿಗೆ ಒಂದೊಂದು ಬಗೆ.

ಕ್ಲೆಂಪರರನ ಫಿಲ್‌ಹಾರ್ಮೊನಿಯಾ ವೃಂದದ ಹೆಸರು ಹೇಳಿದೆನಷ್ಟೆ. ಮೈಸೂರಿನ ಮಾತು ಬರುವುದು ಅಲ್ಲಿಂದಲೇ. ಇದನ್ನು ೧೯೪೫ರಲ್ಲಿ ಕಟ್ಟಿದವನು ವಾಲ್ಟರ್ ಲೆಗ್, ಗ್ರಾಮೋಫೋನ್ ಕಂಪೆನಿಯಲ್ಲಿ ಮುದ್ರಿಕೆಗಳ ಮೇಲ್ವಿಚಾರಕ. ಯುದ್ಧ ಮುಗಿದು ಇಂಗ್ಲೆಂಡಿನಲ್ಲಿ ಬ್ರೆಡ್ಡಿಗೂ ರೇಷನ್ ಬಂದಿದ್ದ ಕಾಲದಲ್ಲಿ ಹೊಸ ವಾದ್ಯವೃಂದವನ್ನು ಸಾಕುವುದು ಹುಡುಗಾಟವಲ್ಲ. ಆಗ ನೆರವಿಗೆ ಬಂದವರು ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಒಡೆಯರು. ಅವರು ೧೯೧೯ರಲ್ಲಿ ಹುಟ್ಟಿದವರು. ಪಿಯಾನೊ ಅಭ್ಯಾಸ ಮಾಡಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದರು. ೧೯೪೦ರಲ್ಲಿ ತಂದೆಯವರೂ ದೊಡ್ಡಪ್ಪನವರಾದ ನಾಲ್ವಡಿ ಕೃಷ್ಣರಾಜ ಒಡೆಯರೂ ಒಬ್ಬರ ಹಿಂದೊಬ್ಬರು ತೀರಿಕೊಂಡು, ಇಪ್ಪತ್ತೊಂದನೆಯ ವಯಸ್ಸಿಗೆ ಸಿಂಹಾಸನ ಏರಬೇಕಾಯಿತು. ಪಿಯಾನೊ ಹಿಂದೆ ಸರಿಯಿತು, ಕೇಳುವ ಹುಚ್ಚು ಸರಿಯಲಿಲ್ಲ. ಇದೇ ಅರಸರು ಮುಂದೆ ‘ಶ್ರೀವಿದ್ಯಾ’ ಅಂಕಿತದಲ್ಲಿ ತೊಂಬತ್ತಕ್ಕೂ ಮಿಕ್ಕಿ ಕೃತಿಗಳನ್ನು ರಚಿಸಿದರೆಂಬುದು ಕರ್ನಾಟಕ ಸಂಗೀತ ಬಲ್ಲವರಿಗೆಲ್ಲ ಗೊತ್ತು. ಬೀಥೋವನ್ ಕೇಳಿದ ಕಿವಿ ಕೆಟ್ಟುಹೋಗುತ್ತದೆ ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಲೆಗ್ ಮೈಸೂರಿಗೇ ಬಂದ. ಇನ್ನೂ ಮೂವತ್ತು ತುಂಬದ ಅರಸರ ಅರಮನೆಯಲ್ಲಿ ಗ್ರಾಮೋಫೋನ್ ತಟ್ಟೆಗಳ ದೊಡ್ಡ ಭಂಡಾರವನ್ನೂ ತರತರದ ಧ್ವನಿವರ್ಧಕಗಳನ್ನೂ ಹಲವು ಪಿಯಾನೊಗಳನ್ನೂ ಕಂಡು ಬೆರಗಾದ ಸಂಗತಿಯನ್ನು ಅವನೇ ಬರೆದುಕೊಂಡಿದ್ದಾನೆ. ವರ್ಷಕ್ಕೆ ೧೦,೦೦೦ ಪೌಂಡಿನಂತೆ ಮೂರು ವರ್ಷ ನೆರವು ಕೊಡಲು ಅರಸರು ಒಪ್ಪಿದರೆಂದೂ ಅವನ ಬರಹದಲ್ಲಿದೆ. ಆಗ ಪೌಂಡಿಗೆ ಹದಿಮೂರು ರೂಪಾಯಿ ಚಿಲ್ಲರೆ. ಅಂದರೆ ವರ್ಷಕ್ಕೆ ೧,೩೩,೦೦೦ ರೂಪಾಯಿಗೂ ಮೇಲೆ. ಫಿಲ್‌ಹಾರ್ಮೊನಿಯಾ ಕಚೇರಿ ಸಂಘಕ್ಕೆ ಅರಸರೇ ಮೊದಲ ಅಧ್ಯಕ್ಷರಾದರು.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಆ ವರ್ಷಗಳು ಎಂಥವು? ೧೯೪೭ರ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಜವಾಬ್ದಾರಿ ಸರಕಾರ ಬೇಕೆಂದು ‘ಮೈಸೂರು ಚಲೋ’ ನಡೆದಿತ್ತು. ಜನ ಜೈಲು ಸೇರಿದ್ದರು. ಅನ್ನಕ್ಕೆ ರೇಷನ್ ಇದ್ದ ಕಾಲದಲ್ಲಿ ಲಂಡನ್ನಿನ ಪಿಟೀಲುಗಾರರಿಗೆ ಮೈಸೂರಿನ ಹಣವೇ? ಬಿಲ್ಲುಗಳನ್ನು ಪರಿಶೀಲಿಸುವ ನನ್ನ ಮೇಜಿಗೆ ಈ ಕಡತ ಬಂದಿದ್ದರೆ ನಾನು ಖಂಡಿತವಾಗಿ ಒಂದು ಆಕ್ಷೇಪಣೆ ಬರೆದು ಮೇಲಿನವರಿಗೆ ಕಳುಹಿಸುತ್ತಿದ್ದೆ. ಆ ಆಕ್ಷೇಪಣೆ ಇಂದಿಗೂ ನ್ಯಾಯವಾದದ್ದೇ ಎಂದು ನನ್ನ ನಂಬಿಕೆ. ಆದರೆ ಹಣ ಹೋದದ್ದು ಹೋಯಿತು. ಅದರಿಂದ ಉಳಿದುಬಂದದ್ದೇನು ಎಂದು ನೋಡುವುದೂ ಲೆಕ್ಕದ ಇನ್ನೊಂದು ಬದಿ.

ಉಳಿದವರಲ್ಲಿ ಮೊದಲಿಗ ನಿಕೊಲಾಯ್ ಮೆಟ್ನರ್. ಮಾಸ್ಕೋದಲ್ಲಿ ಹುಟ್ಟಿ, ಕ್ರಾಂತಿಯ ಬಳಿಕ ೧೯೨೧ರಲ್ಲಿ ದೇಶ ಬಿಟ್ಟು, ಕೊನೆಗೆ ಲಂಡನ್ನಿನಲ್ಲಿ ನೆಲೆಸಿದವನು. ರಾಖ್ಮನಿನೋಫನ ಆಪ್ತ ಸ್ನೇಹಿತ. ಇವನ ಎರಡನೆಯ ಪಿಯಾನೊ ಕನ್ಸರ್ಟೊ ಅವನಿಗೆ ಅರ್ಪಿತ, ಅವನ ನಾಲ್ಕನೆಯದು ಇವನಿಗೆ. ಆದರೆ ರಾಖ್ಮನಿನೋಫನ ಕೀರ್ತಿಯ ಹತ್ತರಲ್ಲೊಂದು ಪಾಲೂ ಇವನಿಗೆ ದಕ್ಕಲಿಲ್ಲ. ಪರವೂರಿನಲ್ಲಿ ಪಾಠ ಹೇಳಿಕೊಂಡು, ಹೊಸ ಕಾಲದ ಸಂಗೀತಕ್ಕೆ ಒಗ್ಗದೆ, ಹೃದಯರೋಗದಿಂದ ನವೆಯುತ್ತಿದ್ದ ಮುದುಕ. ಊರು ಬಿಟ್ಟು ಬಂದು ತನ್ನ ಮಾತು ಯಾರಿಗೂ ತಿಳಿಯದೆ ಕುಳಿತವನ ಪಾಡು ನಮ್ಮಲ್ಲಿ ಹಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಂಥವನ ಕೃತಿಗಳನ್ನು ಅವನ ಕೈಯಿಂದಲೇ ನುಡಿಸಿ ಮುದ್ರಿಸಬೇಕೆಂದು ಎಲ್ಲೋ ಮೈಸೂರಿನಿಂದ ಒಬ್ಬ ಅರಸರು ಹಣ ಕೊಡುತ್ತಾರೆ! ಮೆಟ್ನರ್ ಸೊಸೈಟಿ ಎಂಬ ಹೆಸರಿನಲ್ಲಿ ತಟ್ಟೆಗಳ ಸಂಪುಟಗಳು ಹೊರಬಂದವು. ಮೂರೂ ಕನ್ಸರ್ಟೊಗಳನ್ನು ಫಿಲ್‌ಹಾರ್ಮೊನಿಯಾದೊಡನೆ ೧೯೪೭ರಲ್ಲಿ ಅವನೇ ನುಡಿಸಿದ. ೧೯೫೦ರಲ್ಲಿ ಎಲಿಜಬೆತ್ ಶ್ವಾರ್ಟ್ಸ್‌ಕೋಫ್ ಅವನ ಗೀತೆಗಳನ್ನು ಹಾಡಿದಾಗ ಪಿಯಾನೊ ಅವನದೇ. ಮೂರನೆಯ ಕನ್ಸರ್ಟೊ ಮೈಸೂರಿನ ಅರಸರಿಗೆ ಅರ್ಪಿತವಾಗಿದೆ. ೧೯೫೧ರ ನವೆಂಬರಿನಲ್ಲಿ ಆತ ತೀರಿಕೊಂಡ. ನಾಲ್ಕು ವರ್ಷ ತಡವಾಗಿದ್ದರೆ ಅವನ ಬೆರಳುಗಳ ನುಡಿ ನಮಗೆ ದೊರೆಯುತ್ತಲೇ ಇರಲಿಲ್ಲ. ಇಂದು ಮೂರನೆಯ ಕನ್ಸರ್ಟೊವನ್ನು ಡೆಮಿಡೆಂಕೊ, ಟೋಜರ್ ಮೊದಲಾದವರು ಸೊಗಸಾದ ಧ್ವನಿಯಲ್ಲಿ ನುಡಿಸಿದ್ದಾರೆ. ಅವರದನ್ನು ಕೇಳಿ, ಬಳಿಕ ಮೆಟ್ನರನದನ್ನು ಕೇಳಿ. ಹಳೆಯ ತಟ್ಟೆಯ ಸರಸರ ಸದ್ದಿನ ಹಿಂದೆ ಆಡಂಬರವಿಲ್ಲದ, ಮಾತಾಡಿದಂತಹ ವಾದನ ಕೇಳಿಬರುತ್ತದೆ.

ಎರಡನೆಯದು ಸಿಂಫೊನಿಗಳೇ. ಹರ್ಬರ್ಟ್ ಫಾನ್ ಕಾರಯಾನ್ ಮುಂದೆ ಬರ್ಲಿನ್ನಿನ ಒಡೆಯನೆನಿಸಿಕೊಂಡವನು. ಆಗಿನ್ನೂ ನಾಜೀ ಪಕ್ಷದಲ್ಲಿದ್ದ ತಪ್ಪಿಗೆ ಹೇರಿದ್ದ ನಿಷೇಧದಿಂದ ಹೊರಬಂದಿದ್ದನಷ್ಟೆ. ಅವನಿಂದ ಲೆಗ್ ೧೯೪೯ರಲ್ಲಿ ಫಿಲ್‌ಹಾರ್ಮೊನಿಯಾದಲ್ಲಿ ಮಾಡಿಸಿದ ಮುದ್ರಿಕೆಗಳಲ್ಲಿ ರಷ್ಯದ ಬಾಲಕಿರೆವನ ಮೊದಲ ಸಿಂಫೊನಿಯೂ ಫ್ರಾನ್ಸಿನ ರೂಸೆಲನ ನಾಲ್ಕನೆಯದೂ ಇವೆ. ಇವು ಅಂಗಡಿಯಲ್ಲಿ ಬಿಸಿದೋಸೆಯಂತೆ ಖರ್ಚಾಗುವ ಸರಕಲ್ಲ. ಮೈಸೂರಿನ ಅರಸರ ಅಭಿರುಚಿಗೂ ಹಣಕ್ಕೂ ಸಂದವು. ಬಾಲಕಿರೆವ್ ಈ ಸಿಂಫೊನಿಯನ್ನು ೧೮೬೪ರಲ್ಲಿ ಆರಂಭಿಸಿ ೧೮೯೭ರಲ್ಲಿ ಮುಗಿಸಿದ. ಮೂವತ್ತಮೂರು ವರ್ಷ! ಸರಕಾರಿ ಕಡತಗಳೂ ನಾಚಬೇಕು.

ಇದರ ಮೂರನೆಯ ಭಾಗ ಎಂಥ ಹೊಸಬರಿಗೂ ಹಿಡಿಸುವಂಥದು. ಹಾರ್ಪಿನ ಅಲೆಯ ಮೇಲೆ ಕ್ಲಾರಿನೆಟ್ ಒಂದು ನೀಳವಾದ ರಾಗವನ್ನು ಆರಂಭಿಸುತ್ತದೆ; ಮುಗಿಯಿತೆನ್ನುವಾಗ ಮತ್ತೆ ಬೆಳೆಯುತ್ತದೆ. ಕಾರಯಾನ್ ಇದನ್ನು ಬಿಗಿಯಾಗಿ, ಎಳೆಯೂ ಸಡಿಲವಾಗದಂತೆ ಹಿಡಿದಿದ್ದಾನೆ. ಸರ್ ಥಾಮಸ್ ಬೀಚಮ್ ೧೯೫೫ರಲ್ಲಿ ತನ್ನ ರಾಯಲ್ ಫಿಲ್‌ಹಾರ್ಮೊನಿಕ್ ವೃಂದದೊಡನೆ ಮಾಡಿದ್ದು ಊಟದ ಮೇಲೆ ಎಲೆಯಡಿಕೆ ಹಾಕಿಕೊಂಡು ಹೇಳುವ ಕಥೆಯಂತಿದೆ. ಮೂರನೆಯದಾಗಿ ರಷ್ಯನ್ನನೇ ಆದ ಸ್ವೆಟ್ಲಾನೋವ್, ಕಾರಯಾನನ ಮುದ್ರಿಕೆಯಾಗಿ ನಾಲ್ಕು ದಶಕಗಳ ಮೇಲೆ ಅದೇ ಫಿಲ್‌ಹಾರ್ಮೊನಿಯಾದೊಡನೆ ಇದನ್ನು ಮುದ್ರಿಸಿದ. ಮೂರರಲ್ಲಿ ಬೀಚಮನದು ನನಗೆ ಹೆಚ್ಚು ಪ್ರಿಯ. ಮೈಸೂರಿನ ಅಭಿಮಾನದಿಂದ ಕಾರಯಾನನದನ್ನೇ ಮೇಲೆಂದು ಹೇಳಬೇಕೆಂಬ ಆಸೆ ಇದ್ದರೂ ಕಿವಿ ಒಪ್ಪುವುದಿಲ್ಲ. ಕೊನೆಯ ಭಾಗದ ಕುಣಿತದಲ್ಲಿ ಮಾತ್ರ ಕಾರಯಾನನ ಚುರುಕು ಉಳಿದಿಬ್ಬರಿಗಿಲ್ಲ.

ಇನ್ನೊಂದನ್ನು ಹೇಳದೆ ಮುಂದೆ ಹೋಗಲಾರೆ. ರಿಚರ್ಡ್ ಸ್ಟ್ರೌಸ್ ಎಂಬತ್ತು ದಾಟಿದ ಮೇಲೆ ಬರೆದ, ಸಾವಿನ ಹೊಸ್ತಿಲಲ್ಲಿ ಶಾಂತವಾಗಿ ಕುಳಿತಂತಿರುವ ‘ನಾಲ್ಕು ಕೊನೆಯ ಗೀತೆ’ಗಳ ಮೊದಲ ಕಚೇರಿ ೧೯೫೦ರ ಮೇ ೨೨ರಂದು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ನಡೆಯಿತು. ಸ್ಟ್ರೌಸ್ ಹಿಂದಿನ ಸೆಪ್ಟೆಂಬರಿನಲ್ಲೇ ತೀರಿಕೊಂಡಿದ್ದ. ಹಾಡಿದವಳು ಕರ್ಸ್ಟನ್ ಫ್ಲಾಗ್‌ಸ್ಟಾಡ್, ಕಂಡಕ್ಟರ್ ಫುರ್ಟ್‌ವೆಂಗ್ಲರ್, ವೃಂದ ಫಿಲ್‌ಹಾರ್ಮೊನಿಯಾ. ಖರ್ಚಿಗೆ ೪,೮೦೦ ಡಾಲರಿನ ಜಾಮೀನು ನಿಂತವರು ನಮ್ಮ ಅರಸರೇ. ತಾವು ಹೋಗುವಂತಿರಲಿಲ್ಲವಾದ್ದರಿಂದ ಅದನ್ನು ಮುದ್ರಿಸಿ ಮೈಸೂರಿಗೆ ಕಳುಹಿಸಬೇಕೆಂದು ಏರ್ಪಾಡಾಗಿತ್ತು. ಆ ಸಂಜೆಯ ಮುದ್ರಿಕೆ ಈಗಲೂ ಕೇಳಲು ಸಿಗುತ್ತದೆ. ಧ್ವನಿ ಬಹಳ ಒರಟು, ಸಾಲದ್ದಕ್ಕೆ ಹಾಡಿನ ಕ್ರಮವೂ ಇಂದಿನ ರೂಢಿಯದಲ್ಲ. ಶ್ವಾರ್ಟ್ಸ್‌ಕೋಫ್ ಇದೇ ಗೀತೆಗಳನ್ನು ೧೯೫೩ರಲ್ಲೊಮ್ಮೆ, ೧೯೬೫ರಲ್ಲಿ ಜಾರ್ಜ್ ಸೆಲ್ ಜತೆ ಇನ್ನೊಮ್ಮೆ ಮುದ್ರಿಸಿದಳು. ಒಬ್ಬಳೇ ಗಾಯಕಿ, ನಡುವೆ ಹನ್ನೆರಡು ವರ್ಷ. ಮೊದಲನೆಯದರಲ್ಲಿ ಕಂಠ ತಾಜಾ, ಎರಡನೆಯದರಲ್ಲಿ ಮಾತಿಗೆ ತೂಕ. ಕೊಳ್ಳುವುದಾದರೆ ಎರಡನೆಯದನ್ನೇ ಕೊಳ್ಳಿ. ಆದರೆ ಫ್ಲಾಗ್‌ಸ್ಟಾಡಳ ಆ ಒರಟು ಮುದ್ರಿಕೆಯನ್ನು ಕೇಳುವಾಗ, ಏಳು ಸಮುದ್ರದಾಚೆ ಒಬ್ಬರು ಇದಕ್ಕಾಗಿ ದಾರಿ ಕಾಯುತ್ತಿದ್ದರೆಂಬ ನೆನಪಿನಿಂದಲೋ ಏನೋ, ನನ್ನ ಮನೆಯಾಕೆಯೂ ಕೈಯ ಕೆಲಸ ನಿಲ್ಲಿಸಿದ್ದುಂಟು.

ಇವೆಲ್ಲವನ್ನೂ ಎಲ್ಲಿ ಕೇಳುವುದು? ಮೊದಲಾದರೆ ಕಾಲಾ ಘೋಡಾದ ರಿದಮ್ ಹೌಸಿಗೆ ಹೋಗಿ ತಟ್ಟೆ ತಿರುವಿ ಹಾಕಬಹುದಿತ್ತು. ಆ ಅಂಗಡಿ ೨೦೧೬ರಲ್ಲಿ ಮುಚ್ಚಿತು. ಈಗ ಮೊಬೈಲಿನಲ್ಲೇ ಮುಕ್ಕಾಲು ಪಾಲು ಸಿಗುತ್ತದೆ, ಹೆಚ್ಚಾಗಿ ಪುಕ್ಕಟೆ. ಹಾರ್ಬರ್ ಲೈನಿನ ಲೋಕಲ್ಲಿನಲ್ಲಿ ಮಾತ್ರ ಕೇಳಬೇಡಿ. ಸಿಂಫೊನಿಯಲ್ಲಿ ಪಿಸುಮಾತೂ ಇದೆ, ಗುಡುಗೂ ಇದೆ; ವಾಶಿ ಸೇತುವೆಯ ಮೇಲೆ ಪಿಸುಮಾತು ಕೇಳದೆಂದು ಧ್ವನಿ ಏರಿಸಿದರೆ, ಮಾನಖುರ್ದ್ ತಲಪುವಾಗ ಗುಡುಗು ಕಿವಿ ಹರಿಯುತ್ತದೆ. ಭಾನುವಾರ ಬೆಳಿಗ್ಗೆ, ಕುಕ್ಕರ್ ಕೂಗುವ ಮೊದಲು ಒಳ್ಳೆಯ ಸಮಯ. ಒಂದೇ ಭಾಗವನ್ನು, ಹತ್ತು ನಿಮಿಷದ್ದಾದರೆ ಸಾಕು, ಇಬ್ಬರ ಕೈಯಲ್ಲಿ ಬೆನ್ನುಬೆನ್ನಿಗೆ ಕೇಳಿ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ವ್ಯತ್ಯಾಸ ಹೇಳುವುದರಲ್ಲಿ ಅವರು ನಮಗಿಂತ ಮುಂದು.

ಕಣ್ಣಾರೆ ನೋಡಬೇಕೆನ್ನುವವರಿಗೆ ನರೀಮನ್ ಪಾಯಿಂಟಿನ ಎನ್.ಸಿ.ಪಿ.ಎ. ಇದೆ. ೨೦೦೬ರಲ್ಲಿ ಅಲ್ಲಿ ಸಿಂಫೊನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಎಂಬ ವೃಂದ ಸ್ಥಾಪನೆಯಾಯಿತು. ಅಗ್ಗದ ಟಿಕೇಟುಗಳು ಬೇಗ ಮುಗಿಯುತ್ತವೆ. ಕಚೇರಿ ಬಿಟ್ಟು ಸಿ.ಎಸ್.ಎಂ.ಟಿ.ಗೆ ಬಂದು ಪನವೇಲ್ ಗಾಡಿ ಹಿಡಿದರೆ ಖಾರಘರಕ್ಕೆ ಗಂಟೆಯ ಮೇಲಾಗುತ್ತದೆ. ರಾತ್ರಿಯ ಊಟಕ್ಕೆ ಮನೆಯಲ್ಲಿ ಕಾಯಬೇಡವೆಂದು ಮೊದಲೇ ಹೇಳಿ ಹೋಗಿ.